ಥ್ಯಾಂಕ್ಸ್‌ಗಿವಿಂಗ್ ದಿನ ನಮ್ಮ ತಂಡ ಆಡಬೇಕೇ, ಬೇಡವೇ?

ಓದುಗರ ಪ್ರಶ್ನೆ: ಅಮೆರಿಕಕ್ಕೆ ಬಂದ ಮೇಲೆ ಎನ್‌ಎಫ್‌ಎಲ್ (ಇಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್) ನೋಡುವ ಚಟ ಹತ್ತಿದೆ. ನವೆಂಬರ್ ಬಂತೆಂದರೆ ಆಫೀಸಿನಲ್ಲಿ ಒಂದೇ ವಾದ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನದ ಪಂದ್ಯ ಸಿಗುವುದು ತಂಡಕ್ಕೆ ಗೌರವ ಅಂತ ಕೆಲವರು, ಶನಿಕಾಟ ಅಂತ ಇನ್ನು ಕೆಲವರು. ಯಾರು ಹೇಳುವುದು ಸರಿ? ಡೆಟ್ರಾಯ್ಟ್ ಮತ್ತು ಡಲ್ಲಾಸ್‌ಗೆ ಮಾತ್ರ ಪ್ರತಿ ವರ್ಷ ಯಾಕೆ ಸಿಗುತ್ತದೆ?

ಉತ್ತರ: ತವರು ಮೈದಾನದಲ್ಲಿ ಆಡುವುದಾದರೆ ಧಾರಾಳವಾಗಿ ಆಡಲಿ. ಬೇರೆ ಊರಿಗೆ ಹೋಗಿ ಆಡುವುದಾದರೆ ಹಿಂದಿನ ಭಾನುವಾರ ಏನಿದೆ, ಮುಂದಿನ ಗುರುವಾರ ಏನಿದೆ ಎಂದು ನೋಡದೆ ಹೌದು ಅಥವಾ ಬೇಡ ಎನ್ನುವುದು ಬರೀ ಬಾಯಿಮಾತು. ನಿಮ್ಮ ಆಫೀಸಿನ ಎರಡೂ ಗುಂಪು ಅರ್ಧರ್ಧ ಸರಿ, ಏಕೆಂದರೆ ಒಬ್ಬರು ಟಿವಿಯ ಬಗ್ಗೆ ಮಾತಾಡುತ್ತಿದ್ದಾರೆ, ಇನ್ನೊಬ್ಬರು ಆಟಗಾರರ ಮಂಡಿಯ ಬಗ್ಗೆ.

ಮೊದಲು ಇತಿಹಾಸವನ್ನು ಬೇಗ ಮುಗಿಸೋಣ. ನವೆಂಬರ್‌ನ ನಾಲ್ಕನೇ ಗುರುವಾರದ ಈ ಹಬ್ಬಕ್ಕೂ ಅಮೆರಿಕನ್ ಫುಟ್‌ಬಾಲಿಗೂ ನಂಟು ಎನ್‌ಎಫ್‌ಎಲ್‌ಗಿಂತ ಹಳೆಯದು. ಯೇಲ್ ಮತ್ತು ಪ್ರಿನ್ಸ್‌ಟನ್ ಕಾಲೇಜು ತಂಡಗಳು 1876ರಲ್ಲೇ ಆ ದಿನ ಆಡಿದ್ದವು. ಎನ್‌ಎಫ್‌ಎಲ್ ಹುಟ್ಟಿದ್ದು 1920ರಲ್ಲಿ, ಆ ವರ್ಷದಿಂದಲೇ ಹಬ್ಬದ ಪಂದ್ಯಗಳೂ ಇದ್ದವು. ಡೆಟ್ರಾಯ್ಟ್‌ಗೆ ಅದು ಅಂಟಿಕೊಂಡದ್ದು 1934ರಲ್ಲಿ. ಓಹಾಯೋದ ಪೋರ್ಟ್ಸ್‌ಮತ್ ಊರಿನ ತಂಡವನ್ನು ಕೊಂಡು ಡೆಟ್ರಾಯ್ಟ್‌ಗೆ ತಂದು ಲಯನ್ಸ್ ಎಂದು ಹೆಸರಿಟ್ಟವರು ಜಾರ್ಜ್ ರಿಚರ್ಡ್ಸ್. ಊರಿನ ಜನಕ್ಕೆ ಬೇಸ್‌ಬಾಲ್ ಮೇಲೆ ಪ್ರಾಣ, ಹೊಸ ಫುಟ್‌ಬಾಲ್ ತಂಡವನ್ನು ಕೇಳುವವರಿಲ್ಲ. ರಿಚರ್ಡ್ಸ್ ರೇಡಿಯೋ ಸ್ಟೇಷನ್ ಮಾಲೀಕರೂ ಆಗಿದ್ದರು. ಹಬ್ಬದ ದಿನ ಚಾಂಪಿಯನ್ ಚಿಕಾಗೊ ಬೇರ್ಸ್ ತಂಡವನ್ನು ಕರೆಸಿ, ಎನ್‌ಬಿಸಿ ಮೂಲಕ ದೇಶದ 94 ಸ್ಟೇಷನ್‌ಗಳಲ್ಲಿ ಪ್ರಸಾರ ಮಾಡಿಸಿದರು. 26,000 ಟಿಕೆಟ್ ಖಾಲಿ. ಬೇರ್ಸ್ 19-16ರಿಂದ ಗೆದ್ದಿತು, ಆದರೆ ಲಯನ್ಸ್‌ಗೆ ಬೇಕಾದದ್ದು ಸಿಕ್ಕಿತ್ತು. 1939ರಿಂದ 1944ರವರೆಗಿನ ಬಿಡುವು ಬಿಟ್ಟರೆ ಅಂದಿನಿಂದ ಇಂದಿನವರೆಗೆ ಪ್ರತಿ ವರ್ಷ ಡೆಟ್ರಾಯ್ಟ್‌ನಲ್ಲಿ ಪಂದ್ಯವಿದೆ.

ಡಲ್ಲಾಸ್ ಕಥೆಯೂ ಪ್ರಚಾರದ್ದೇ. 1966ರಲ್ಲಿ ಡಲ್ಲಾಸ್ ಕೌಬಾಯ್ಸ್‌ ತಂಡದ ಮ್ಯಾನೇಜರ್ ಟೆಕ್ಸ್ ಶ್ರಾಮ್ ಎರಡನೇ ಹಬ್ಬದ ಪಂದ್ಯವನ್ನು ತಮ್ಮೂರಿಗೆ ತಂದರು. ಕಾಟನ್ ಬೌಲ್ ಮೈದಾನಕ್ಕೆ 80,259 ಜನ ಬಂದರು, ಕ್ಲೀವ್‌ಲ್ಯಾಂಡ್ ವಿರುದ್ಧ 26-14ರ ಗೆಲುವೂ ಸಿಕ್ಕಿತು. 1975 ಮತ್ತು 1977ರಲ್ಲಿ ಲೀಗ್ ಆ ಜಾಗವನ್ನು ಸೇಂಟ್ ಲೂಯಿಸ್‌ಗೆ ಕೊಟ್ಟು ನೋಡಿತು, ಹಿಡಿಸಲಿಲ್ಲ, ಮತ್ತೆ ಡಲ್ಲಾಸ್‌ಗೇ ಬಂತು. ರಾತ್ರಿಯ ಮೂರನೇ ಪಂದ್ಯ ಸೇರಿದ್ದು 2006ರಲ್ಲಿ. ಅದು ಯಾರ ಸ್ವತ್ತೂ ಅಲ್ಲ, ವರ್ಷಕ್ಕೊಂದು ಊರಿಗೆ ಹೋಗುತ್ತದೆ. ಹಾಗಾಗಿ ನಿಮ್ಮ ತಂಡ ಇವೆರಡೂ ಅಲ್ಲದಿದ್ದರೆ ಹಬ್ಬದ ದಿನ ತವರಿನಲ್ಲಿ ಆಡುವ ಏಕೈಕ ದಾರಿ ಈ ರಾತ್ರಿಯ ಪಂದ್ಯ.

ಹಾಗಾದರೆ ಶನಿಕಾಟ ಎನ್ನುವವರ ಆಕ್ಷೇಪ ಏನು? ನಾಲ್ಕು ದಿನದ ವಾರ. ಐಪಿಎಲ್ ನೋಡಿ ಬೆಳೆದ ಕಣ್ಣಿಗೆ ಇದು ದೊಡ್ಡ ವಿಷಯ ಅನ್ನಿಸುವುದಿಲ್ಲ, ಅಲ್ಲಿ ಮೂರು ದಿನಕ್ಕೊಂದು ಪಂದ್ಯ ಮಾಮೂಲು. ಇಲ್ಲಿ ನೂರೈವತ್ತು ಕಿಲೋ ತೂಗುವ ಲೈನ್‌ಮನ್ ಒಂದು ಪಂದ್ಯದಲ್ಲಿ ಅರವತ್ತು ಎಪ್ಪತ್ತು ಬಾರಿ ತನ್ನಷ್ಟೇ ತೂಕದವನಿಗೆ ಡಿಕ್ಕಿ ಹೊಡೆಯುತ್ತಾನೆ. ಮೈನೋವು ಹೆಚ್ಚಾಗುವುದು ಪಂದ್ಯದ ದಿನವಲ್ಲ, ಮರುದಿನ ಮತ್ತು ಅದರ ಮರುದಿನ. ಅದಕ್ಕೇ ವಾಡಿಕೆಯ ವಾರ ಹೀಗಿರುತ್ತದೆ: ಸೋಮವಾರ ಚಿಕಿತ್ಸೆ ಮತ್ತು ಹಿಂದಿನ ಪಂದ್ಯದ ವಿಡಿಯೊ, ಮಂಗಳವಾರ ಆಟಗಾರರಿಗೆ ರಜೆ, ಕೋಚ್‌ಗಳಿಗೆ ಮುಂದಿನ ಎದುರಾಳಿಯ ತಯಾರಿ. ಬುಧ, ಗುರು, ಶುಕ್ರ ನಿಜವಾದ ಅಭ್ಯಾಸ. ಶನಿವಾರ ಹಗುರವಾದ ವಾಕ್‌ಥ್ರೂ (ನಡೆದಾಡುತ್ತಲೇ ಮಾಡುವ ತಾಲೀಮು) ಮತ್ತು ಪ್ರಯಾಣ. ಭಾನುವಾರ ಪಂದ್ಯ.

ಹಬ್ಬದ ವಾರದಲ್ಲಿ ಈ ಇಡೀ ಕ್ರಮವನ್ನು ಸೋಮ ಮತ್ತು ಮಂಗಳವಾರಕ್ಕೆ ತುರುಕಬೇಕು. ಭಾನುವಾರ ಮಧ್ಯಾಹ್ನ 1ಕ್ಕೆ ಆಡಿದ ತಂಡ ಗುರುವಾರ 12:30ಕ್ಕೆ ಮತ್ತೆ ಕಿಕ್‌ಆಫ್‌ಗೆ ನಿಲ್ಲಬೇಕಾದರೆ ನಡುವೆ 96 ಗಂಟೆಯೂ ಇಲ್ಲ. ವಾಡಿಕೆಯಲ್ಲಿ 168 ಇರುತ್ತದೆ. ಪೂರ್ತಿ ವೇಗದ ಅಭ್ಯಾಸ ಬಹುತೇಕ ನಡೆಯುವುದೇ ಇಲ್ಲ, ಹೆಲ್ಮೆಟ್ ಹಾಕಿಕೊಂಡು ನಡೆದಾಡುತ್ತಾ ತಂತ್ರಗಳನ್ನು ಬಾಯಿಪಾಠ ಮಾಡುತ್ತಾರೆ. ಬುಧವಾರ ಪರಊರಿನ ತಂಡ ವಿಮಾನದಲ್ಲಿರುತ್ತದೆ. ಅಂದರೆ ಅತಿಥಿ ತಂಡ ಕಳೆದುಕೊಳ್ಳುವುದು ಬರೀ ವಿಶ್ರಾಂತಿಯಲ್ಲ, ಇರುವ ಮೂರು ದಿನದಲ್ಲಿ ಒಂದನ್ನು ಪ್ರಯಾಣಕ್ಕೂ ಕೊಡುತ್ತದೆ. ತವರು ತಂಡಕ್ಕೆ ಆ ದಿನ ಉಳಿಯುತ್ತದೆ. ಡೆಟ್ರಾಯ್ಟ್, ಡಲ್ಲಾಸ್‌ಗೆ ಇನ್ನೊಂದು ಅನುಕೂಲವೂ ಉಂಟು: ನವೆಂಬರ್ ಕೊನೆಯ ವಾರ ಹೀಗೇ ಇರುತ್ತದೆಂದು ಅವರ ಟ್ರೇನರ್‌ನಿಂದ ಅಡುಗೆಯವರವರೆಗೆ ಎಲ್ಲರಿಗೂ ವರ್ಷ ಮೊದಲೇ ಗೊತ್ತು.

ಅನುಕೂಲ ಇದ್ದರೆ ಲಯನ್ಸ್ 2004ರಿಂದ 2012ರವರೆಗೆ ಸತತ 9 ಹಬ್ಬದ ಪಂದ್ಯ, ಮತ್ತೆ 2017ರಿಂದ 2023ರವರೆಗೆ ಸತತ 7 ಸೋತದ್ದೇಕೆ ಎಂದು ಆಫೀಸಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಸರಳ. ಆ ವರ್ಷಗಳ ಬಹುಪಾಲು ಲಯನ್ಸ್ ಕೆಟ್ಟ ತಂಡವಾಗಿತ್ತು, ಭಾನುವಾರಗಳಲ್ಲೂ ಸೋಲುತ್ತಿತ್ತು. 2008ರಲ್ಲಂತೂ 16ಕ್ಕೆ 16 ಪಂದ್ಯ ಸೋತಿತು, ಹಬ್ಬದ ದಿನ ಟೆನೆಸಿ ಟೈಟನ್ಸ್ ಕೈಯಲ್ಲಿ 47-10. ಆಗ ಡೆಟ್ರಾಯ್ಟ್‌ನಿಂದ ಈ ಪಂದ್ಯವನ್ನು ಕಿತ್ತುಕೊಳ್ಳಿ ಎಂಬ ಕೂಗು ಜೋರಾಗಿತ್ತು. ಒಂದು ದಿನದ ವಿಶ್ರಾಂತಿ ಸಮಬಲದ ತಂಡಗಳ ನಡುವೆ ತಕ್ಕಡಿ ವಾಲಿಸಬಹುದು, ಚೆಂಡೆಸೆದು ದಾಳಿ ನಡೆಸುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಇಲ್ಲದಿದ್ದರೆ ಅವನನ್ನು ಹುಟ್ಟಿಸಲಾರದು.

ಗಾಯದ ಲೆಕ್ಕವನ್ನು ಅಭಿಮಾನಿಗಳು ಸಾಮಾನ್ಯವಾಗಿ ತಪ್ಪಾಗಿ ಹಾಕುತ್ತಾರೆ. ಗುರುವಾರ ಆಡಿದರೆ ಹೊಸ ಗಾಯ ಹೆಚ್ಚಾಗುತ್ತವೆಯೇ ಎಂಬುದರ ಮೇಲೇ ಎಲ್ಲರ ಜಗಳ. ಕಣ್ಣಿಗೆ ಕಾಣುವ ನಷ್ಟ ಬೇರೆ: ಭಾನುವಾರದ ಸಣ್ಣ ಗಾಯ ಗುರುವಾರಕ್ಕೆ ವಾಸಿಯಾಗದೆ ಆಟಗಾರ ಹೊರಗುಳಿಯುವುದು. ಏಳು ದಿನ ಸಿಕ್ಕಿದ್ದರೆ ಅವನು ಆಡುತ್ತಿದ್ದ. ತಲೆಗೆ ಪೆಟ್ಟು ಬಿದ್ದವರ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಲೀಗ್‌ನ ನಿಯಮದಲ್ಲಿ ಐದು ಹಂತಗಳಿವೆ. ವಿಶ್ರಾಂತಿಯಿಂದ ಶುರುವಾಗಿ ಹಗುರ ವ್ಯಾಯಾಮ, ಆಟದ ಕಸರತ್ತು, ಡಿಕ್ಕಿಯಿಲ್ಲದ ಅಭ್ಯಾಸ ದಾಟಿ, ಕೊನೆಗೆ ತಂಡಕ್ಕೆ ಸೇರದ ಸ್ವತಂತ್ರ ವೈದ್ಯರು ಒಪ್ಪಬೇಕು. ಭಾನುವಾರ ಪೆಟ್ಟು ತಿಂದವನು ಗುರುವಾರದೊಳಗೆ ಇದನ್ನೆಲ್ಲ ದಾಟುವುದು ತೀರಾ ಅಪರೂಪ. ಅವನನ್ನು ಲೆಕ್ಕದಿಂದ ಬಿಟ್ಟೇಬಿಡಿ.

ಆ ವಾರದ ಗಾಯಾಳುಗಳ ಪಟ್ಟಿ ಓದುವಾಗಲೂ ಒಂದು ಎಚ್ಚರ. ಸೋಮವಾರ ತಂಡ ಅಭ್ಯಾಸವನ್ನೇ ಮಾಡಿರುವುದಿಲ್ಲ, ಮಾಡಿದ್ದರೆ ಯಾರು ಭಾಗವಹಿಸುತ್ತಿದ್ದರು ಎಂಬ ಅಂದಾಜನ್ನು ಪಟ್ಟಿಯಲ್ಲಿ ಬರೆದಿರುತ್ತಾರೆ. ಅದನ್ನು ನೋಡಿ ಗಾಬರಿಯಾಗಬೇಡಿ. ಬುಧವಾರದ ಪಟ್ಟಿ ನಂಬಲರ್ಹ, ಕಿಕ್‌ಆಫ್‌ಗೆ 90 ನಿಮಿಷ ಮುಂಚೆ ಬರುವ ಹೊರಗುಳಿದವರ ಪಟ್ಟಿಯೇ ಕೊನೆಯ ಮಾತು.

ಇನ್ನು ವೇಳಾಪಟ್ಟಿ. ಮೇ ತಿಂಗಳಲ್ಲಿ ಅದು ಬಿಡುಗಡೆಯಾದಾಗ ಹಬ್ಬದ ಎದುರಾಳಿ ಯಾರೆಂದು ನೋಡಿ ಸುಮ್ಮನಾಗುವವರೇ ಹೆಚ್ಚು. ಅದರ ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ನೋಡಬೇಕು. ಮೇಲಿನ ಸಾಲಿನಲ್ಲಿ ಭಾನುವಾರದ ಪಂದ್ಯ ತವರಿನಲ್ಲೋ ಹೊರಗೋ, ಮಧ್ಯಾಹ್ನ 1ಕ್ಕೋ ಸಂಜೆ 4ರ ಮೇಲೋ ನೋಡಿ. ಪರಊರಲ್ಲಿ ಸಂಜೆ ಆಡಿ, ರಾತ್ರಿ ಮನೆಗೆ ಹಾರಿ, ಬುಧವಾರ ಮತ್ತೆ ಹಾರುವುದು ಎಲ್ಲಕ್ಕಿಂತ ಕೆಟ್ಟ ಜೋಡಣೆ. ಎದುರಾಳಿ ನಿಮ್ಮದೇ ಡಿವಿಜನ್‌ನ (ಲೀಗ್‌ನೊಳಗಿನ ನಾಲ್ಕು ತಂಡಗಳ ಗುಂಪು) ತಂಡವಾದರೆ ಅಷ್ಟು ಭಯವಿಲ್ಲ, ವರ್ಷಕ್ಕೆ ಎರಡು ಸಲ ಆಡುವವರ ಆಟ ಕೋಚ್‌ಗಳಿಗೆ ಕಂಠಪಾಠವಾಗಿರುತ್ತದೆ. ಅಪರೂಪಕ್ಕೆ ಎದುರಾಗುವ ತಂಡವಾದರೆ ಎರಡು ದಿನದಲ್ಲಿ ಹೊಸ ಪಾಠ ಕಲಿಯಬೇಕು.

ಭಾನುವಾರ ಓವರ್‌ಟೈಮ್ ಆದರೆ ಏನಾಗುತ್ತದೆ ಎಂಬುದನ್ನು ಮಾತ್ರ ವೇಳಾಪಟ್ಟಿ ಹೇಳುವುದಿಲ್ಲ. 2025ರಲ್ಲಿ ನವೆಂಬರ್ 23ರ ಭಾನುವಾರ ಕಾನ್ಸಸ್ ಸಿಟಿ ಚೀಫ್ಸ್ ಮತ್ತು ಡೆಟ್ರಾಯ್ಟ್ ಲಯನ್ಸ್ ಇಬ್ಬರೂ ಓವರ್‌ಟೈಮ್‌ವರೆಗೆ ಎಳೆದಾಡಿ ಗೆದ್ದರು. ನಾಲ್ಕು ದಿನದ ನಂತರ ಇಬ್ಬರೂ ಸೋತರು. ಚೀಫ್ಸ್ ಡಲ್ಲಾಸ್‌ನಲ್ಲಿ 31-28ರಿಂದ, ಲಯನ್ಸ್ ತವರಿನಲ್ಲೇ ಗ್ರೀನ್ ಬೇ ಪ್ಯಾಕರ್ಸ್‌ಗೆ 31-24ರಿಂದ. ಎರಡು ಪಂದ್ಯದಿಂದ ಏನೂ ಸಿದ್ಧವಾಗುವುದಿಲ್ಲ, ನಿಜ. ಆದರೆ ಭಾನುವಾರದ ಹೆಚ್ಚುವರಿ ಆಟ ಕಾಲಿನಲ್ಲೇ ಉಳಿಯುತ್ತದೆ ಎಂದು ಯಾವ ಟ್ರೇನರ್‌ನನ್ನು ಕೇಳಿದರೂ ಹೇಳುತ್ತಾನೆ.

ಕೆಳಗಿನ ಸಾಲು ಇನ್ನೂ ಮುಖ್ಯ. ಗುರುವಾರ ಆಡಿದ ತಂಡ ಮುಂದಿನ ಪಂದ್ಯವನ್ನು ಮರುವಾರದ ಭಾನುವಾರ ಆಡುವುದಾದರೆ ನಡುವೆ ಹತ್ತು ದಿನ ಸಿಗುತ್ತದೆ, ಅರ್ಧ ರಜೆಯಂತೆ. ಗಾಯಾಳುಗಳು ಮರಳುತ್ತಾರೆ, ಕೋಚ್‌ಗಳು ತಿದ್ದುಪಡಿ ಮಾಡಿಕೊಳ್ಳುತ್ತಾರೆ. ದೊಡ್ಡ ತಿದ್ದುಪಡಿಗೂ ಇದೇ ಸಮಯ: 2024ರಲ್ಲಿ ಡೆಟ್ರಾಯ್ಟ್‌ನಲ್ಲಿ ಕೈಯಲ್ಲೊಂದು ಟೈಮ್‌ಔಟ್ (ಗಡಿಯಾರ ನಿಲ್ಲಿಸುವ ಅವಕಾಶ) ಉಳಿಸಿಕೊಂಡೇ ಗಡಿಯಾರ ಮುಗಿಸಿ 23-20ರಿಂದ ಸೋತ ಬೇರ್ಸ್, ಮರುದಿನವೇ ಮುಖ್ಯ ಕೋಚ್ ಮ್ಯಾಟ್ ಎಬರ್‌ಫ್ಲೂಸ್ ಅವರನ್ನು ಮನೆಗೆ ಕಳಿಸಿತು. ಈ ಹತ್ತು ದಿನದ ಕಾರಣಕ್ಕೇ ಎಷ್ಟೋ ಕೋಚ್‌ಗಳು ಹಬ್ಬದ ಪಂದ್ಯಕ್ಕೆ ಗೊಣಗುವುದಿಲ್ಲ. ನವೆಂಬರ್‌ನಲ್ಲಿ ಕೊಟ್ಟದ್ದನ್ನು ಡಿಸೆಂಬರ್‌ನಲ್ಲಿ ವಾಪಸ್ ಪಡೆಯುತ್ತಾರೆ.

ಆದರೆ ಲೀಗ್ ಈಚೆಗೆ ಒಂದು ಅಭ್ಯಾಸ ಮಾಡಿಕೊಂಡಿದೆ. ಹಬ್ಬದ ಮರುವಾರದ ಗುರುವಾರ ರಾತ್ರಿಯ ಪಂದ್ಯಕ್ಕೂ ಹಬ್ಬದಂದು ಆಡಿದ ತಂಡಗಳನ್ನೇ ಹಾಕುತ್ತದೆ. ಆ ಎರಡೂ ತಂಡಗಳಿಗೆ ಆಗಲೇ ಏಳು ದಿನ ಸಿಕ್ಕಿರುತ್ತದೆ, ಹೊಸದಾಗಿ ಇನ್ನಿಬ್ಬರನ್ನು ಸುಸ್ತುಮಾಡುವುದು ಬೇಡ ಎಂಬುದು ಲೆಕ್ಕ. ಲೀಗ್‌ಗೆ ಸರಿ, ಆ ತಂಡಕ್ಕೆ? 2024ರಲ್ಲಿ ಲಯನ್ಸ್ ಮತ್ತು ಪ್ಯಾಕರ್ಸ್ ನವೆಂಬರ್ 24, 28 ಮತ್ತು ಡಿಸೆಂಬರ್ 5ರಂದು ಆಡಿದವು. ಹನ್ನೆರಡು ದಿನದೊಳಗೆ ಮೂರು ಪಂದ್ಯ. 2025ರಲ್ಲಿ ಕೌಬಾಯ್ಸ್ ಮತ್ತು ಲಯನ್ಸ್‌ಗೆ ಅದೇ ಗತಿ. ಹತ್ತು ದಿನದ ಬಿಡುವು ತಪ್ಪುವುದಿಲ್ಲ, ಒಂದು ವಾರ ಮುಂದಕ್ಕೆ ಹೋಗುತ್ತದೆ. ನಮ್ಮ ಅಭಿಪ್ರಾಯ ಕೇಳಿದರೆ, ಅಭಿಮಾನಿಗಳು ಗದ್ದಲ ಎಬ್ಬಿಸಬೇಕಾದ ಜಾಗ ಇದು. ಹಬ್ಬದ ಗುರುವಾರವನ್ನು ಬೈದು ಪ್ರಯೋಜನವಿಲ್ಲ, ಅದರ ಬೆನ್ನಿಗೇ ಬರುವ ಎರಡನೇ ಗುರುವಾರವನ್ನು ಪ್ರಶ್ನಿಸಿ.

ಪಂದ್ಯವನ್ನು ಶುಕ್ರವಾರ ಸಂಜೆಗೆ ಸರಿಸಿದರೆ ಒಂದು ದಿನ ಹೆಚ್ಚು ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಕಾನೂನು ಅಡ್ಡ ಬರುತ್ತದೆ. ಕ್ರೀಡಾ ಪ್ರಸಾರದ ಕುರಿತ 1961ರ ಕಾಯ್ದೆ ತಂಡಗಳು ಒಟ್ಟಾಗಿ ಟಿವಿ ಹಕ್ಕು ಮಾರಲು ರಕ್ಷಣೆ ಕೊಡುತ್ತದೆ, ಆದರೆ ಹೈಸ್ಕೂಲು ಮತ್ತು ಕಾಲೇಜು ಫುಟ್‌ಬಾಲನ್ನು ಕಾಪಾಡಲೆಂದು ಅದರಲ್ಲೊಂದು ಷರತ್ತಿದೆ. ಸೆಪ್ಟೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ ಶುಕ್ರವಾರ ಸಂಜೆ 6ರ ನಂತರ ಮತ್ತು ಶನಿವಾರ ಎನ್‌ಎಫ್‌ಎಲ್ ಪ್ರಸಾರಕ್ಕೆ ಅದರ ರಕ್ಷಣೆ ಇಲ್ಲ. ಹಬ್ಬದ ಮರುದಿನ ನಡೆಯುವ, 2023ರಲ್ಲಿ ಶುರುವಾದ ಬ್ಲ್ಯಾಕ್ ಫ್ರೈಡೇ ಪಂದ್ಯ ಮಧ್ಯಾಹ್ನವೇ ನಡೆಯುವುದು ಇದಕ್ಕೇ.

ಗೌರವ ಎನ್ನುವವರ ಪಕ್ಷವನ್ನೂ ನೋಡಿ. ಟಿವಿ ಹಣ 32 ತಂಡಗಳಿಗೆ ಸಮನಾಗಿ ಹಂಚಿಹೋಗುತ್ತದೆ, ಹಬ್ಬದಂದು ಆಡಿದ್ದಕ್ಕೆ ಆಟಗಾರರಿಗೆ ಹೆಚ್ಚಿನ ಸಂಬಳವೂ ಇಲ್ಲ. ಸಿಗುವುದು ನೋಡುಗರು. 2022ರ ಜಯಂಟ್ಸ್ ಮತ್ತು ಕೌಬಾಯ್ಸ್ ಪಂದ್ಯವನ್ನು ಸುಮಾರು 4.2 ಕೋಟಿ ಜನ ನೋಡಿದರು, ಲೀಗ್ ಹಂತದ ಪಂದ್ಯಗಳಲ್ಲಿ ಅಲ್ಲಿಯವರೆಗಿನ ದಾಖಲೆ. 2025ರ ಚೀಫ್ಸ್ ಮತ್ತು ಕೌಬಾಯ್ಸ್ ಪಂದ್ಯ ಅದನ್ನು 5.7 ಕೋಟಿಗೆ ಏರಿಸಿತು. ದೇಶದ ಇನ್ನೊಂದು ಮೂಲೆಯಲ್ಲಿ ಹುಟ್ಟಿದ ಮಗು ಕೌಬಾಯ್ಸ್ ಅಭಿಮಾನಿಯಾಗುವುದು ಹೀಗೇ. ಜ್ಯಾಕ್ಸನ್‌ವಿಲ್ ಜಾಗ್ವಾರ್ಸ್‌ಗೆ ಇದು ಚೆನ್ನಾಗಿ ಗೊತ್ತು, 2025ರವರೆಗೂ ಹಬ್ಬದ ದಿನ ಒಮ್ಮೆಯೂ ಆಡದ ಏಕೈಕ ತಂಡ ಅದು.

ಕೊನೆಗೆ ಮನೆಯ ಊಟದ ಜಗಳ. ಪೂರ್ವ ಕರಾವಳಿಯ ಗಡಿಯಾರದಲ್ಲಿ ಡೆಟ್ರಾಯ್ಟ್ ಪಂದ್ಯ ಸಾಮಾನ್ಯವಾಗಿ 12:30ಕ್ಕೆ (2025ರಲ್ಲಿ 1ಕ್ಕೆ), ಡಲ್ಲಾಸ್ 4:30ಕ್ಕೆ, ರಾತ್ರಿಯದು 8:20ಕ್ಕೆ. ಒಂದೊಂದೂ ಮೂರು ಗಂಟೆಯ ಮೇಲೆ. ಆರು ಕೆ.ಜಿ.ಯ ಟರ್ಕಿ ಕೋಳಿ, ಒಳಗೆ ಏನೂ ತುಂಬದಿದ್ದರೆ, 325 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಮೂರರಿಂದ ಮೂರೂಮುಕ್ಕಾಲು ಗಂಟೆ ಬೇಯಬೇಕು. ಡೆಟ್ರಾಯ್ಟ್ ಕಿಕ್‌ಆಫ್‌ಗೆ ಒಲೆಗಿಟ್ಟರೆ ಪಂದ್ಯ ಮುಗಿಯುವ ಹೊತ್ತಿಗೆ ಸರಿಹೋಗುತ್ತದೆ, ಒಳಗಿನ ಬಿಸಿ 165 ಮುಟ್ಟಿದೆಯೇ ನೋಡಿಕೊಂಡು ಹೊರತೆಗೆದು ಅರ್ಧ ಗಂಟೆ ಬಿಟ್ಟು ಕತ್ತರಿಸಿ. ಬಿಸಿಬೇಳೆಬಾತ್ ಮಾಡುವ ಮನೆಗಳಿಗೆ ಈ ಲೆಕ್ಕವೇ ಬೇಡ, ಹಾಫ್‌ಟೈಮ್‌ನಲ್ಲಿ ಕುಕ್ಕರ್ ಇಟ್ಟರೂ ಸಾಕು. ನಿಜವಾಗಿ ಕೆಡುವುದು ಡಲ್ಲಾಸ್ ಪಂದ್ಯದ ಹೊತ್ತು, ಅದು ಊಟದ ಮಧ್ಯಕ್ಕೇ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇದೇ ಮೂರು ಪಂದ್ಯ ಬೆಳಿಗ್ಗೆ 9:30, ಮಧ್ಯಾಹ್ನ 1:30, ಸಂಜೆ 5:20ಕ್ಕೆ, ಅಲ್ಲಿ ಊಟಕ್ಕೆ ಅಡ್ಡಬರುವುದು ರಾತ್ರಿಯ ಪಂದ್ಯ. ಬೆಂಗಳೂರಲ್ಲಿರುವ ತಮ್ಮನೋ ತಂಗಿಯೋ ಜೊತೆಗೆ ನೋಡುತ್ತೇವೆಂದರೆ ಗುರುವಾರ ರಾತ್ರಿ 11, ಶುಕ್ರವಾರ ಬೆಳಗಿನ ಜಾವ 3, ಮತ್ತೆ ಬೆಳಿಗ್ಗೆ 6:50 ಎಂದು ಹೇಳಿ. ಶುಕ್ರವಾರ ಅಲ್ಲಿ ರಜೆ ಇರುವುದಿಲ್ಲ, ಆಫೀಸಿಗೆ ಹೋಗುವವರಿಗೆ ಮೊದಲನೆಯದನ್ನು ಬಿಟ್ಟು ಮೂರನೆಯದು ಸಲೀಸು.