ನಾಲ್ಕು ದಿನ ಫ್ರೀ ಬಿಟ್ಟರೆ ಆಟ ಕಟ್ಟಿದವರಿಗೆ ಏನು ಸಿಗುತ್ತದೆ?

ದುಡ್ಡು ಕೊಟ್ಟು ಕೊಳ್ಳಬೇಕಾದ ಮೊಬೈಲ್ ಆಟಗಳ ಆಯಸ್ಸು ಚಿಕ್ಕದು. ಬಿಡುಗಡೆಯಾದ ಮೊದಲ ವಾರ ಒಂದಿಷ್ಟು ಮಾರಾಟವಾಗುತ್ತದೆ. ಸ್ಟೋರ್‌ನವರು ಮುಖಪುಟದಲ್ಲಿ ತೋರಿಸಿದರೆ ಇನ್ನೊಂದಿಷ್ಟು. ಆಮೇಲೆ ಗ್ರಾಫ್ ಇಳಿದು ನೆಲಕ್ಕೆ ಅಂಟಿಕೊಳ್ಳುತ್ತದೆ. ಇಬ್ಬರೋ ಮೂವರೋ ಇರುವ ಸಣ್ಣ ತಂಡಕ್ಕೆ ಆಗ ಒಂದು ಆಸೆ ಹುಟ್ಟುತ್ತದೆ. ‘ನಾಲ್ಕು ದಿನ ಫ್ರೀ ಬಿಟ್ಟು ನೋಡೋಣ್ವಾ?’ ಮೊಬೈಲ್ ಆಟಗಳಿಗೆ ಕೋಡ್ ಬರೆಯುವುದು ನನ್ನ ಕೆಲಸ. ಬೇರೆ ತಂಡಗಳ ಬಿಡುಗಡೆಗೂ ಆಗಾಗ ಸಲಹೆ ಕೊಡುತ್ತೇನೆ. ಅವರು ಕೇಳುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ.

ಕೇಳುವವರ ಭಯವೂ ಹೆಚ್ಚುಕಮ್ಮಿ ಒಂದೇ. ಲಕ್ಷ ಜನ ಪುಕ್ಕಟೆ ಇಳಿಸಿಕೊಂಡರೆ ಲಕ್ಷ ಪ್ರತಿಗಳ ದುಡ್ಡು ಹೋಯಿತಲ್ಲ ಅಂತ. ಈ ಲೆಕ್ಕ ತಪ್ಪು. ‘ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ’ ಅನ್ನುವವರು ಬೆಲೆ ಇದ್ದಾಗ ಆ ಆಟವನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಇಳಿಸಿಕೊಂಡವರಲ್ಲಿ ಎಷ್ಟೋ ಜನ ಒಮ್ಮೆಯೂ ತೆರೆದು ನೋಡುವುದಿಲ್ಲ.

ಇದಕ್ಕೆ ಒಳ್ಳೆಯ ಸಾಕ್ಷಿ ‘ಮಾನ್ಯುಮೆಂಟ್ ವ್ಯಾಲಿ’. ಲಂಡನ್ನಿನ ಅಸ್‌ಟೂ ತಂಡ 2014ರಲ್ಲಿ ತಂದ ಆಟ, ಬೆಲೆ 3.99 ಡಾಲರ್. 2015ರ ಜನವರಿಯಲ್ಲಿ ಆ ತಂಡವೇ ತನ್ನ ಅಂಕಿಗಳನ್ನು ಹೊರಗಿಟ್ಟಿತು. ಆಂಡ್ರಾಯ್ಡ್ ಫೋನುಗಳಲ್ಲಿದ್ದ ಪ್ರತಿಗಳಲ್ಲಿ ದುಡ್ಡು ಕೊಟ್ಟು ಪಡೆದವು ಕೇವಲ 5%. ಐಫೋನ್ ಕಡೆ 40%. ಉಳಿದದ್ದೆಲ್ಲ ಕದ್ದ ಪ್ರತಿ ಅಂತಲ್ಲ, ಒಬ್ಬರೇ ಎರಡು ಮೂರು ಸಾಧನಗಳಲ್ಲಿ ಹಾಕಿಕೊಂಡದ್ದೂ ಇದರಲ್ಲಿ ಸೇರಿದೆ. ಆದರೂ ಆ ಹೊತ್ತಿಗೆ ಆಟದ ಗಳಿಕೆ 58 ಲಕ್ಷ ಡಾಲರ್ ಮುಟ್ಟಿತ್ತು. ದುಡ್ಡಿಲ್ಲದೆ ಹರಿದಾಡಿದ ಪ್ರತಿಗಳು ಅಷ್ಟೊಂದಿದ್ದರೂ ಕೊಳ್ಳುವವರು ಕೊಂಡೇ ಕೊಂಡರು.

ಹಾಗಾದರೆ ಫ್ರೀ ಕೊಟ್ಟರೆ ನಷ್ಟವೇ ಇಲ್ಲವಾ? ಇದೆ. ಆದರೆ ಅದು ಬರುವುದು ಬೇರೆ ಬಾಗಿಲಿಂದ.

2011ರ ಒಂದು ಪ್ರಕರಣ ನೋಡಿ. ಆ ವರ್ಷದ ಮಾರ್ಚ್‌ನಲ್ಲಿ ಅಮೆಜಾನ್ ತನ್ನದೇ ಆಂಡ್ರಾಯ್ಡ್ ಆಪ್ ಸ್ಟೋರ್ ತೆರೆಯಿತು. ದಿನಕ್ಕೊಂದು ಪೇಯ್ಡ್ ಆಪ್ ಫ್ರೀ ಅನ್ನುವುದು ಅದರ ದೊಡ್ಡ ಆಕರ್ಷಣೆಯಾಗಿತ್ತು. ಒಪ್ಪಂದದ ಪ್ರಕಾರ ಡೆವಲಪರ್‌ಗೆ ಮಾರಿದ ಬೆಲೆಯ 70% ಅಥವಾ ಮೂಲ ಬೆಲೆಯ 20%, ಯಾವುದು ಹೆಚ್ಚೋ ಅದು ಸಿಗಬೇಕು. ಅಂದರೆ ಫ್ರೀ ಹಂಚಿದ ದಿನವೂ ಮೂಲ ಬೆಲೆಯ ಐದರಲ್ಲಿ ಒಂದು ಪಾಲು ಬರುತ್ತದೆ ಅಂತ ಓದಿದವರೆಲ್ಲ ಅಂದುಕೊಂಡರು. ಆಸ್ಟ್ರೇಲಿಯಾದ ಶಿಫ್ಟಿ ಜೆಲ್ಲಿ ಅನ್ನುವ ಪುಟ್ಟ ಕಂಪನಿ ಆ ಆಗಸ್ಟ್‌ನಲ್ಲಿ ಬೇರೆ ಕಥೆ ಹೇಳಿತು. ಅದರ ‘ಪಾಕೆಟ್ ಕಾಸ್ಟ್ಸ್’ ಆಪನ್ನು ದಿನದ ಫ್ರೀ ಆಪ್ ಮಾಡುತ್ತೇವೆ, ಆದರೆ ಆ ದಿನದ ನಿಮ್ಮ ಪಾಲು ಸೊನ್ನೆ ಅಂತ ಅಮೆಜಾನ್‌ನಿಂದ ಈಮೇಲ್ ಬಂದಿತ್ತು. ಅವರು ಒಪ್ಪಿಕೊಂಡರು. ಒಂದೇ ದಿನ 1,01,491 ಪ್ರತಿ ಹೋದವು. ಬಂದ ದುಡ್ಡು ಸೊನ್ನೆ.

ಅದು ಆಟವಲ್ಲ, ಪಾಡ್‌ಕಾಸ್ಟ್ ಕೇಳುವ ಆಪ್. ಆದರೂ ಪಾಠ ಆಟದವರಿಗೂ ಅದೇ. ಪ್ರತಿ ಬಳಕೆದಾರನಿಗೂ ಶಿಫ್ಟಿ ಜೆಲ್ಲಿಯ ಸರ್ವರ್ ಕೆಲಸ ಮಾಡಬೇಕಿತ್ತು. ಲಕ್ಷ ಜನ ಒಟ್ಟಿಗೆ ಬಂದು ಬಿದ್ದಾಗ ಸರ್ವರ್ ಹೆಚ್ಚಿಸಬೇಕಾಯಿತು, ಸಹಾಯ ಕೇಳಿ ಬರುವ ಈಮೇಲ್‌ಗಳಿಗೆ ಉತ್ತರಿಸಬೇಕಾಯಿತು. ಆ ಖರ್ಚು ಒಂದು ದಿನಕ್ಕೆ ಮುಗಿಯುವುದೂ ಇಲ್ಲ. ಆ ಜನ ಆಪ್ ಬಳಸುವಷ್ಟು ದಿನವೂ ಅದು ನಡೆಯುತ್ತಲೇ ಇರುತ್ತದೆ. ನಿಮ್ಮ ಆಟದಲ್ಲಿ ಯಾರ ಅಂಕ ಎಷ್ಟು ಅಂತ ತೋರಿಸುವ ಆನ್‌ಲೈನ್ ಲೀಡರ್‌ಬೋರ್ಡ್ ಇದ್ದರೆ, ಆಡಿದ್ದನ್ನು ಕ್ಲೌಡ್‌ನಲ್ಲಿ ಉಳಿಸುವ ಸೌಲಭ್ಯ ಇದ್ದರೆ, ಆಟಗಾರರೇ ಲೆವೆಲ್ ಕಟ್ಟಿ ಹಂಚುವ ವ್ಯವಸ್ಥೆ ಇದ್ದರೆ, ಮೊದಲು ತಿಂಗಳ ಬಿಲ್ ತೆಗೆದು ನೋಡಿ. ಬಳಕೆದಾರರು ಐವತ್ತು ಪಟ್ಟು ಆದರೆ ಅದು ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ. ಪೂರ್ತಿ ಆಫ್‌ಲೈನ್ ಆಡುವ ಪಜಲ್ ಆಟವಾದರೆ ಈ ತಲೆಬಿಸಿ ಇಲ್ಲ.

ಎರಡನೇ ಬಾಗಿಲು ಸ್ಟಾರ್ ರೇಟಿಂಗ್. ದುಡ್ಡು ಕೊಟ್ಟವರು ಏನು ಕೊಳ್ಳುತ್ತಿದ್ದೇವೆ ಅಂತ ಓದಿ ಬಂದಿರುತ್ತಾರೆ. ಫ್ರೀ ದಿನ ಬಂದವರಿಗೆ ಆ ಪುರುಸೊತ್ತು ಇರುವುದಿಲ್ಲ. ನಿಧಾನವಾಗಿ ಯೋಚಿಸಿ ಆಡುವ ಆಟವನ್ನು ಕಾರ್ ರೇಸ್ ಬೇಕಿದ್ದವರು ಇಳಿಸಿಕೊಂಡು, ‘ಬೋರು’ ಅಂತ ಒಂದು ಸ್ಟಾರ್ ಒತ್ತಿ ಹೋಗುತ್ತಾರೆ. ನಾನು ನೋಡಿದ ಆಟಗಳಲ್ಲಿ ಫ್ರೀ ದಿನಗಳಾದ ಮೇಲೆ ರೇಟಿಂಗ್ ಮೇಲೇರಿದ್ದು ಅಪರೂಪ. ಗೂಗಲ್ ಪ್ಲೇಯಲ್ಲಿ ಇದು ಇನ್ನೂ ಚುಚ್ಚುತ್ತದೆ. 2019ರಿಂದ ಅಲ್ಲಿ ಹಳೆಯ ರೇಟಿಂಗ್‌ಗಿಂತ ಇತ್ತೀಚಿನ ರೇಟಿಂಗ್‌ಗೆ ತೂಕ ಹೆಚ್ಚು. ವರ್ಷಗಟ್ಟಲೆ ಕೂಡಿಟ್ಟ 4.6 ಒಂದು ವಾರದ ಗದ್ದಲಕ್ಕೆ ಜಾರುತ್ತದೆ. ಒಂದೇ ಸಮಾಧಾನ ಅಂದರೆ 2021ರ ಕೊನೆಯಿಂದ ಗೂಗಲ್ ದೇಶವಾರು ರೇಟಿಂಗ್ ತೋರಿಸುತ್ತಿದೆ. ಆಪಲ್‌ನಲ್ಲಂತೂ ಮೊದಲಿಂದಲೂ ಹಾಗೆಯೇ. ನನಗೆ ಗೊತ್ತಿರುವ ಬೆಂಗಳೂರಿನ ಸಣ್ಣ ತಂಡಗಳಿಗೆ ಪೇಯ್ಡ್ ಆಟದ ದುಡ್ಡು ಬರುವುದು ಹೆಚ್ಚಾಗಿ ಹೊರದೇಶಗಳಿಂದ. ಫ್ರೀ ದಿನದ ನೂಕುನುಗ್ಗಲು ಭಾರತದಲ್ಲಿ ಆದರೆ ಅಮೆರಿಕದ ಗಿರಾಕಿಗೆ ಕಾಣುವ ಸ್ಟಾರು ಹಾಗೇ ಉಳಿಯುತ್ತದೆ.

ಇನ್ನು ಸ್ಟೋರ್‌ನಲ್ಲಿ ಜನ ಹೆಚ್ಚು ಇಳಿಸಿಕೊಂಡ ಆಟಗಳ ಪಟ್ಟಿಯ ಮಾತು. ‘ಫ್ರೀ ಬಿಟ್ಟರೆ ಟಾಪ್ ಚಾರ್ಟ್‌ಗೆ ಬರುತ್ತೇವೆ’ ಅನ್ನುವುದು ಅರ್ಧ ಸತ್ಯ. ಪೇಯ್ಡ್ ಆಟಗಳ ಪಟ್ಟಿ ಬೇರೆ, ಫ್ರೀ ಆಟಗಳ ಪಟ್ಟಿ ಬೇರೆ. ಬೆಲೆ ತೆಗೆದ ಗಳಿಗೆಗೆ ನೀವು ಸಣ್ಣ ಕೆರೆ ಬಿಟ್ಟು ಕಡಲಿಗೆ ಇಳಿದಿರಿ. ಅಲ್ಲಿ ಜಾಹೀರಾತಿಗೆ ಕೋಟಿಗಟ್ಟಲೆ ಸುರಿಯುವವರ ಜೊತೆ ಪೈಪೋಟಿ. ಮತ್ತೆ ಬೆಲೆ ಹಾಕಿದ ದಿನ ಆ ಜಾಗವೂ ಹೋಗುತ್ತದೆ. ಒಂದು ಕಾಲದಲ್ಲಿ ಈ ಆಸೆಯನ್ನೇ ಬಂಡವಾಳ ಮಾಡಿಕೊಂಡ ಕಂಪನಿಗಳಿದ್ದವು. ಫ್ರಾನ್ಸಿನ ಆಪ್‌ಗ್ರಾಟಿಸ್ ದಿನಕ್ಕೊಂದು ಫ್ರೀ ಆಪ್ ತೋರಿಸುತ್ತಿತ್ತು, ಅಲ್ಲಿ ಕಾಣಿಸಿಕೊಳ್ಳಲು ಡೆವಲಪರ್‌ಗಳೇ ದುಡ್ಡು ಕಟ್ಟುತ್ತಿದ್ದರು. ತಮ್ಮ ಆಟವನ್ನು ಪುಕ್ಕಟೆ ಹಂಚುವುದಕ್ಕೂ ಫೀಸು! 2013ರ ಏಪ್ರಿಲ್‌ನಲ್ಲಿ ಆಪಲ್ ಅದನ್ನು ಸ್ಟೋರ್‌ನಿಂದ ತೆಗೆದುಹಾಕಿತು.

ಇಷ್ಟೆಲ್ಲ ಹೇಳಿದ ಮೇಲೂ ಕೆಲವು ತಂಡಗಳಿಗೆ ‘ಕೊಡಿ’ ಅಂತಲೇ ಹೇಳುತ್ತೇನೆ. ಯಾವಾಗ ಅಂದರೆ, ಕಳೆದುಕೊಳ್ಳಲು ಜಾಸ್ತಿ ಏನೂ ಉಳಿದಿಲ್ಲದಾಗ, ಇಲ್ಲವೇ ಬಂದವರಿಗೆ ಮಾರಲು ಬೇರೆ ಏನಾದರೂ ಇದ್ದಾಗ. 2013ರ ಜುಲೈನಲ್ಲಿ ಆಪ್ ಸ್ಟೋರ್‌ಗೆ ಐದು ವರ್ಷ ತುಂಬಿದ ನೆಪದಲ್ಲಿ ಆಪಲ್ ಐದು ಆಟಗಳನ್ನು ಕೆಲ ದಿನ ಫ್ರೀ ಕೊಡಿಸಿತು. ಅವುಗಳಲ್ಲಿ ಟೈನಿ ವಿಂಗ್ಸ್ ಸೇರಿದಂತೆ ನಾಲ್ಕು 2011ರ ಆಟಗಳು. ಮಾರಾಟದ ರಸ ಹಿಂಡಿ ಆಗಿತ್ತು, ಕಳೆದುಕೊಳ್ಳಲು ಜಾಸ್ತಿ ಏನೂ ಇರಲಿಲ್ಲ. ಫಿನ್ಲೆಂಡಿನ ಫ್ರಾಗ್‌ಮೈಂಡ್ ಮಾಡಿದ ಬ್ಯಾಡ್‌ಲ್ಯಾಂಡ್ ಮಾತ್ರ ಬಂದು ಕೆಲವೇ ತಿಂಗಳಾಗಿದ್ದ ಹೊಸ ಆಟ. ಆದರೆ ಆ ತಂಡದ ಆಂಡ್ರಾಯ್ಡ್ ಆವೃತ್ತಿ ಇನ್ನೂ ಬರುವುದಿತ್ತು, ಆ ವರ್ಷದ ಕೊನೆಗೆ ಬಂತು. ಒಂದು ಕಡೆ ಹಂಚಿದ ಹೆಸರು ಇನ್ನೊಂದು ಕಡೆ ಉಪಯೋಗಕ್ಕೆ ಬರುವ ದಾರಿ ಇದು. ಎರಡನೇ ಆಟದ ಬಿಡುಗಡೆ ಹತ್ತಿರ ಇದ್ದಾಗ ಮೊದಲ ಆಟವನ್ನು ಫ್ರೀ ಬಿಡುವುದೂ ಇದೇ ಲೆಕ್ಕ. ಆಟದ ಒಳಗೇ ಹೊಸ ಆಟದ ಒಂದು ಬಟನ್ ಇಟ್ಟಿರಬೇಕು, ಫ್ರೀ ದಿನಕ್ಕೆ ಮುಂಚೆಯೇ ಆ ಅಪ್‌ಡೇಟ್ ಹೋಗಿರಬೇಕು. ಇದನ್ನು ಮರೆಯುವವರೇ ಜಾಸ್ತಿ.

ಹೆಚ್ಚುವರಿ ಲೆವೆಲ್‌ಗಳನ್ನು ದುಡ್ಡಿಗೆ ಮಾರುವ ಯೋಚನೆ ಇದ್ದರೆ ಸ್ವಲ್ಪ ಎಚ್ಚರ. 2014ರ ನವೆಂಬರ್‌ನಲ್ಲಿ ಮಾನ್ಯುಮೆಂಟ್ ವ್ಯಾಲಿ ಹೊಸ ಅಧ್ಯಾಯಗಳಿಗೆ 1.99 ಡಾಲರ್ ಕೇಳಿದಾಗ, ಮೂಲ ಆಟವನ್ನು ಕೊಂಡಿದ್ದವರಲ್ಲೇ ಕೆಲವರು ಒಂದು ಸ್ಟಾರ್ ಕೊಟ್ಟು ಸಿಟ್ಟು ತೀರಿಸಿಕೊಂಡರು. ಕೊಂಡವರೇ ಹಾಗಾದರೆ ಬಿಟ್ಟಿ ಪಡೆದವರು ಹೇಗಿರಬಹುದು, ಊಹಿಸಿ. ಇಷ್ಟು ಫ್ರೀ, ಮುಂದಿನದಕ್ಕೆ ದುಡ್ಡು ಅಂತ ಸ್ಟೋರ್ ಪುಟದಲ್ಲೇ ಬರೆದುಬಿಡಿ.

ಎಲ್ಲಕ್ಕಿಂತ ಒಳ್ಳೆಯದು, ಹಂಚಲು ಹೇಳುವವರೇ ದುಡ್ಡು ಕೊಡುವುದು. ಕಂಪ್ಯೂಟರ್ ಆಟಗಳಲ್ಲಿ ಎಪಿಕ್ ಅನ್ನುವ ಆಟದ ಕಂಪನಿ ತನ್ನ ಸ್ಟೋರ್‌ನಲ್ಲಿ ಇದನ್ನು ಮಾಡಿ ತೋರಿಸಿದೆ. ಆಪಲ್ ವಿರುದ್ಧದ ಮೊಕದ್ದಮೆಯಲ್ಲಿ 2021ರಲ್ಲಿ ಹೊರಬಿದ್ದ ದಾಖಲೆಗಳ ಪ್ರಕಾರ, ‘ಸಬ್‌ನಾಟಿಕಾ’ ಆಟವನ್ನು ಫ್ರೀ ಹಂಚಲು ಅದು 14 ಲಕ್ಷ ಡಾಲರ್ ಕೊಟ್ಟಿತ್ತು. ಅಮೆಜಾನ್ ಕೂಡ 2015ರಲ್ಲಿ ‘ಅಂಡರ್‌ಗ್ರೌಂಡ್’ ಅಂತ ಹೊಸ ಯೋಜನೆ ತಂದು, ಜನ ಆಡಿದ ಪ್ರತಿ ನಿಮಿಷಕ್ಕೆ 0.002 ಡಾಲರ್ ಕೊಡಲು ಶುರು ಮಾಡಿತು. ಕೇಳಲು ಚೆನ್ನ. ಗುಣಿಸಿ ನೋಡಿ. ಒಂದೂವರೆ ಗಂಟೆಗೆ ಮುಗಿಯುವ ಚೆಂದದ ಆಟಕ್ಕೆ ಒಬ್ಬ ಆಟಗಾರನಿಂದ ಸಿಗುವುದು 18 ಸೆಂಟ್. ದಿನಗಟ್ಟಲೆ ಹಿಡಿದಿಡುವ ಆಟಗಳಿಗೆ ಅದು ಲಾಭ, ಪುಟ್ಟ ಕಥೆಯ ಆಟಗಳಿಗೆ ಅಲ್ಲ. ಆ ಯೋಜನೆ ಈಗ ಇಲ್ಲ.

ಉಲ್ಟಾ ಆಗುವುದೂ ಉಂಟು. 2024ರಲ್ಲಿ ಆಪಲ್ ಯುರೋಪಿನಲ್ಲಿ ತಂದ ಹೊಸ ಷರತ್ತುಗಳನ್ನು ಒಪ್ಪಿದವರು, ವರ್ಷಕ್ಕೆ 10 ಲಕ್ಷ ದಾಟಿದ ಪ್ರತಿ ಇನ್‌ಸ್ಟಾಲ್‌ಗೆ ಅರ್ಧ ಯೂರೋ ಕಟ್ಟಬೇಕಿತ್ತು. ಫ್ರೀ ಆಟ ಹಿಟ್ ಆದರೆ ಸಾಲ! ಗಲಾಟೆ ಆದ ಮೇಲೆ ಆದಾಯವೇ ಇಲ್ಲದವರಿಗೆ ವಿನಾಯಿತಿ ಬಂತು, ಸಣ್ಣವರಿಗೆ ಮೂರು ವರ್ಷದ ರಿಯಾಯಿತಿ ಸಿಕ್ಕಿತು. 2025ರ ಜನವರಿಯಲ್ಲಿ ಎಪಿಕ್ ಮೊಬೈಲ್‌ನಲ್ಲೂ ಫ್ರೀ ಆಟ ಶುರು ಮಾಡಿದಾಗ, ಭಾಗವಹಿಸುವ ಡೆವಲಪರ್‌ಗಳ ಪರವಾಗಿ ಆ ಶುಲ್ಕವನ್ನು ತಾನೇ ಕಟ್ಟುವುದಾಗಿ ಹೇಳಬೇಕಾಯಿತು.

ಕೊಡುವುದು ಅಂತ ತೀರ್ಮಾನಿಸಿದವರಿಗೆ ಕೆಲಸಕ್ಕೆ ಬರುವ ಎರಡು ಮಾತು. ಆಪಲ್‌ನಲ್ಲಿ ಬೆಲೆಯನ್ನು ಸೊನ್ನೆ ಮಾಡಿ ಮತ್ತೆ ಏರಿಸಬಹುದು. ಗೂಗಲ್ ಪ್ಲೇಯಲ್ಲಿ ಮಾತ್ರ ಬೆಲೆಯ ಪುಟಕ್ಕೆ ಹೋಗಿ ಸುಮ್ನೆ ‘ಫ್ರೀ’ ಒತ್ತಬೇಡಿ. ಒಮ್ಮೆ ಹಾಗೆ ಫ್ರೀ ಆದ ಆಪನ್ನು ಮತ್ತೆ ಪೇಯ್ಡ್ ಮಾಡಲು ಬರುವುದಿಲ್ಲ. ಹೊಸ ಪ್ಯಾಕೇಜ್ ಹೆಸರಿನಲ್ಲಿ (ಸ್ಟೋರ್ ಆಪನ್ನು ಗುರುತಿಸುವ ಹೆಸರು) ಮೊದಲಿಂದ ಹಾಕಬೇಕು, ಹಳೆಯ ರೇಟಿಂಗ್, ರಿವ್ಯೂ ಎಲ್ಲ ಹೋಗುತ್ತದೆ. ಕೆಲ ದಿನಕ್ಕೆ ಮಾತ್ರ ಕೊಡುವುದಾದರೆ ಡೆವಲಪರ್‌ಗಳು ಆಪ್ ನೋಡಿಕೊಳ್ಳುವ ಪ್ಲೇ ಕನ್ಸೋಲ್‌ನಲ್ಲಿರುವ ಸೇಲ್ ವ್ಯವಸ್ಥೆಯಲ್ಲೇ ಮಾಡಿ, ಅವಧಿ ಮುಗಿದಾಗ ಬೆಲೆ ತಾನಾಗಿ ಹಿಂದಿನದಕ್ಕೆ ಬರುತ್ತದೆ. ಊರಿಗೆಲ್ಲ ಹಂಚುವುದು ಬೇಡ, ಆಟಗಳ ಬಗ್ಗೆ ಬರೆಯುವವರಿಗೆ, ಯೂಟ್ಯೂಬ್‌ನವರಿಗೆ ಕೊಟ್ಟರೆ ಸಾಕು ಅನ್ನಿಸಿದರೆ ಪ್ರೋಮೋ ಕೋಡ್ ಇದೆ, ಅಂದರೆ ಪಡೆದವರು ಮಾತ್ರ ಪುಕ್ಕಟೆ ಇಳಿಸಿಕೊಳ್ಳುವ ಕೋಡ್. ಆಪಲ್ ಪ್ರತಿ ಆವೃತ್ತಿಗೆ 100 ಕೊಡುತ್ತದೆ, ಗೂಗಲ್ ಮೂರು ತಿಂಗಳಿಗೆ 500. ಮೊದಲ ಆಟ ಇನ್ನೂ ಹೊಸದಾಗಿದ್ದರೆ ನಾನು ಹೇಳುವುದು ಇದನ್ನೇ.