ಮುತ್ತಜ್ಜಿಯ ಫೋಟೋಗೆ ಕಂದು ಬಣ್ಣ ಎಲ್ಲಿಂದ ಬಂತು?

ಪ್ರಶ್ನೆ: ಮಂಡ್ಯದ ನಮ್ಮ ಹಳೆಯ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ ಮುತ್ತಜ್ಜಿಯ ಫೋಟೋ ಒಂದು ಸಿಕ್ಕಿತು. ಅದು ಪೂರ್ತಿ ಕಂದು ಬಣ್ಣದಲ್ಲಿದೆ. ಈ ಬಣ್ಣ ಹಳತಾದದ್ದರಿಂದ ಬಂದದ್ದೋ, ತೆಗೆದಾಗಲೇ ಇದ್ದದ್ದೋ? ಮೊಬೈಲಿನಲ್ಲಿ ತೆಗೆದ ಚಿತ್ರಗಳಿಗಿಂತ ಅದೇ ಚೆಂದ ಕಾಣುವುದೇಕೆ?

ಉತ್ತರ: ಕಂದು ಹುಟ್ಟಿನಿಂದ ಬಂದದ್ದು, ಅದರೊಳಗೆ ಸೇರಿಕೊಂಡಿರುವ ಹಳದಿ ವಯಸ್ಸಿನಿಂದ ಬಂದದ್ದು. ಫೋಟೋ 1900ಕ್ಕಿಂತ ಹಿಂದಿನದಾಗಿದ್ದರೆ ಅದು ಬಹುಮಟ್ಟಿಗೆ ಆಲ್ಬುಮೆನ್ ಕಾಗದದ ಮೇಲೆ ಮೂಡಿದ್ದಾಗಿರುತ್ತದೆ. ಫ್ರಾನ್ಸಿನ ಬ್ಲಾಂಕಾರ್-ಎವ್ರಾರ್ 1850ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ ತೆಳುವಾದ ಕಾಗದವನ್ನು ಉಪ್ಪು ಬೆರೆಸಿದ ಮೊಟ್ಟೆಯ ಬಿಳಿ ಲೋಳೆಯ ಮೇಲೆ ತೇಲಿಸಿ ಒಣಗಿಸುತ್ತಿದ್ದರು, ಆಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣದ ಮೇಲೆ ತೇಲಿಸಿ, ಗಾಜಿನ ನೆಗೆಟಿವ್‌ಗೆ ಒತ್ತಿ ಬಿಸಿಲಿಗಿಡುತ್ತಿದ್ದರು. ಕತ್ತಲ ಕೋಣೆಯಲ್ಲಿ ಚಿತ್ರ ಮೂಡಿಸುವ ಡೆವಲಪರ್ ಎಂಬ ದ್ರಾವಣ ಇಲ್ಲಿ ಬೇಕಿರಲಿಲ್ಲ. ಬಿಸಿಲೇ ಚಿತ್ರವನ್ನು ಕಣ್ಣೆದುರು ಮೂಡಿಸುತ್ತಿತ್ತು. ಹೀಗೆ ಬಿಸಿಲಿನಲ್ಲಿ ಹುಟ್ಟುವ ಬೆಳ್ಳಿಯ ಕಣಗಳು ಎಷ್ಟು ಸಣ್ಣವೆಂದರೆ ಅವು ನಮ್ಮ ಕಣ್ಣಿಗೆ ಕಪ್ಪಾಗಿ ಕಾಣದೆ ಕೆಂಗಂದಾಗಿ ಕಾಣುತ್ತವೆ. ಡೆವಲಪರಿನಿಂದ ಮೂಡಿಸುವ ಮುಂದಿನ ಕಾಲದ ಕಾಗದಗಳಲ್ಲಿ ಬೆಳ್ಳಿಯ ಕಣಗಳು ದೊಡ್ಡವು, ಆದ್ದರಿಂದಲೇ ಆ ಚಿತ್ರಗಳು ಕಪ್ಪು-ಬಿಳುಪು.

ಬಿಸಿಲಿನಿಂದ ತೆಗೆದ ಚಿತ್ರವನ್ನು ಬಂಗಾರದ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದರೆ ಇಟ್ಟಿಗೆಯ ಕೆಂಪು ತಗ್ಗಿ ನೇರಳೆ ಬೆರೆತ ಕಂದು ಬರುತ್ತಿತ್ತು, ಬಾಳಿಕೆಯೂ ಹೆಚ್ಚುತ್ತಿತ್ತು. ಎಷ್ಟು ಹೊತ್ತು ಅದ್ದಬೇಕೆಂಬುದು ಫೋಟೋಗ್ರಾಫರನ ಕಣ್ಣಿಗೆ ಬಿಟ್ಟದ್ದು, ಆದಕಾರಣ ನೀವು ನೋಡುತ್ತಿರುವ ಕಂದಿನಲ್ಲಿ ಆತನ ಅಭಿರುಚಿಯೂ ಇದೆ. ಕೊನೆಗೆ, ಬೆಳಕು ತಾಗದೆ ಉಳಿದ ಬೆಳ್ಳಿಯ ಲವಣವನ್ನು ಕರಗಿಸುವ ಹೈಪೋ ಎಂಬ ದ್ರಾವಣದಲ್ಲಿ ತೊಳೆದರೆ ಚಿತ್ರ ಮತ್ತೆ ಕಪ್ಪಾಗದೆ ನಿಲ್ಲುತ್ತಿತ್ತು. ಕಾಲ ಕಳೆದಂತೆ ಮೊಟ್ಟೆಯ ಪದರ ಹಳದಿಗಟ್ಟುತ್ತದೆ, ತೇವಕ್ಕೆ ಬೆಳ್ಳಿ ಸವೆಯುತ್ತದೆ. ಬಿಳಿಯ ಸೆರಗು, ಕಣ್ಣಿನ ಬಿಳಿ, ಹಿಂದಿನ ಗೋಡೆ ಇವುಗಳಲ್ಲಿ ಹಳದಿ ಮೊದಲು ಕಾಣುತ್ತದೆ.

ಖಚಿತ ಮಾಡಿಕೊಳ್ಳಲು ಒಂದು ಭೂತಗನ್ನಡಿ ಸಾಕು. ಚಿತ್ರದ ತಿಳಿಯಾದ ಜಾಗವನ್ನು ನೋಡಿ. ಹೊಳಪಿನ ಪದರದ ಅಡಿಯಲ್ಲಿ ಕಾಗದದ ಎಳೆಗಳು ಒಂದರ ಮೇಲೊಂದು ಬಿದ್ದಿರುವುದು ಕಂಡರೆ ಅದು ಆಲ್ಬುಮೆನ್. ಎಳೆಗಳು ಕಾಣದೆ ನುಣುಪಾದ ಬಿಳಿಯ ನೆಲ ಕಂಡು, ಅಂಚಿನ ಕಪ್ಪುಭಾಗ ಓರೆಬೆಳಕಿನಲ್ಲಿ ಕನ್ನಡಿಯಂತೆ ನೀಲಿಯಾಗಿ ಹೊಳೆದರೆ ಅದು ಆಮೇಲಿನ ಜೆಲಾಟಿನ್ ಕಾಗದ.

ಈ ಕಾಗದಕ್ಕೆ ತಗುಲುತ್ತಿದ್ದ ಮೊಟ್ಟೆ ಅಷ್ಟಿಷ್ಟಲ್ಲ. ಜರ್ಮನಿಯ ಡ್ರೆಸ್ಡೆನ್ನಿನ ಒಂದೇ ಕಾರ್ಖಾನೆ 1880ರ ದಶಕದಲ್ಲಿ ದಿನಕ್ಕೆ 60,000ದಷ್ಟು ಮೊಟ್ಟೆ ಒಡೆಯುತ್ತಿತ್ತೆಂದು ಹೇಳುತ್ತಾರೆ. ಮೈಸೂರಿನ ಅಗ್ರಹಾರಗಳ ಹಜಾರದಲ್ಲಿ ಶ್ರೀಗಂಧದ ಹಾರ ಧರಿಸಿ ಕುಳಿತಿರುವ ಎಷ್ಟೋ ಮಡಿವಂತ ಹಿರಿಯರು ಮೊಟ್ಟೆಯ ಲೋಳೆಯ ಮೇಲೇ ಕುಳಿತಿದ್ದಾರೆಂಬುದು ಮನೆಯವರಿಗೆ ಗೊತ್ತಿರಲಿಕ್ಕಿಲ್ಲ.

ಇನ್ನು ಚೆಂದದ ಮಾತು. ಅಂದಿನ ಗಾಜಿನ ಫಲಕಗಳು ನೀಲಿಯನ್ನು ಚೆನ್ನಾಗಿ ಕಾಣುತ್ತಿದ್ದವು, ಕೆಂಪನ್ನು ಕಾಣುತ್ತಲೇ ಇರಲಿಲ್ಲ. ಮುತ್ತಜ್ಜಿಯ ಹಣೆಯ ಕುಂಕುಮ ಕಪ್ಪು ಬೊಟ್ಟಾಗಿರುವುದೂ, ಅರಿಸಿನ ಹಚ್ಚಿದ ಕೆನ್ನೆ ಇದ್ದದ್ದಕ್ಕಿಂತ ಕಪ್ಪಾಗಿರುವುದೂ ಅದರಿಂದಲೇ. ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ತೈಲಚಿತ್ರಗಳನ್ನು ನೋಡಿದವರು ರೇಷ್ಮೆಯ ಕೆಂಪು ಹೇಗೆ ಉರಿಯುತ್ತದೆಂದು ಬಲ್ಲರು; ಅದೇ ಸೀರೆ ಫೋಟೋದಲ್ಲಿ ಇದ್ದಿಲು. ಆಕಾಶದ ಪಾಡು ಇದಕ್ಕೆ ತಿರುಗುಮುರುಗು, ಮೋಡವೆಲ್ಲ ಅಳಿಸಿ ಬರೀ ಬಿಳಿ. 1854ರ ಕೊನೆಯಲ್ಲಿ ಬೇಲೂರು, ಹಳೇಬೀಡುಗಳ ಗುಡಿಗಳನ್ನು ಚಿತ್ರಿಸಿದ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ, ಮರುವರ್ಷ ಬರ್ಮಾದಲ್ಲಿ ತೆಗೆದ ಕಾಗದದ ನೆಗೆಟಿವ್‌ಗಳ ಮೇಲೆ ಕುಂಚದಿಂದ ಮೋಡಗಳನ್ನು ಬರೆದ. ಈಗಿನ ಫಿಲ್ಟರ್‌ಗಳನ್ನು ಹಳಿಯುವವರು ಇದನ್ನು ನೆನೆಯಬೇಕು.

ಯಂತ್ರದ ಚಿತ್ರದಲ್ಲಿ ಸೌಂದರ್ಯ ಯಾವುದೆಂಬ ಜಗಳ ಆಗಲೇ ಎದ್ದಿತ್ತು. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಹಕ್ಕುಪತ್ರ ಪಡೆದ ತನ್ನ ಕಾಗದದ ವಿಧಾನಕ್ಕೆ ಕ್ಯಾಲೊಟೈಪ್ ಎಂದು ಹೆಸರಿಟ್ಟ. ಗ್ರೀಕಿನಲ್ಲಿ ಕಲೋಸ್ ಎಂದರೆ ಸುಂದರ. ಫ್ರಾನ್ಸಿನ ದಾಗೇರ್ 1839ರಲ್ಲಿ ಹೊರತಂದ ಬೆಳ್ಳಿಲೇಪದ ತಾಮ್ರದ ತಗಡಿನಲ್ಲಿ ಹುಬ್ಬಿನ ಕೂದಲನ್ನೂ ಎಣಿಸಬಹುದಿತ್ತು, ಕ್ಯಾಲೊಟೈಪಿನಲ್ಲಿ ಕಾಗದದ ಎಳೆಗಳು ಅಂಚನ್ನು ಮಸುಕಾಗಿಸುತ್ತಿದ್ದವು. ಆದರೂ ಚಿತ್ರಕಾರರಲ್ಲಿ ಹಲವರು ಮಸುಕನ್ನೇ ಮೆಚ್ಚಿದರು. ಕೋಲ್ಕತ್ತದಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ 48ನೇ ವಯಸ್ಸಿನಲ್ಲಿ ಕ್ಯಾಮೆರಾ ಹಿಡಿದು, ಮುಖಗಳನ್ನು ಬೇಕೆಂದೇ ಮೃದುವಾಗಿ ಮೂಡಿಸಿ, ಫೋಕಸ್ ತಪ್ಪಿದೆಯೆಂಬ ಟೀಕೆಯನ್ನು ಕೇಳಿಸಿಕೊಂಡರು. ನನ್ನ ಒಲವು ಆಕೆಯ ಕಡೆಗೇ.

ನಿಮ್ಮ ಮುತ್ತಜ್ಜಿಯ ಚಿತ್ರದಲ್ಲಿ ಮೃದುತ್ವವೂ ವಿವರವೂ ಒಟ್ಟಿಗಿರಬಹುದು. ದೊಡ್ಡ ಗಾಜಿನ ನೆಗೆಟಿವ್ ಅನ್ನು ಹಿಗ್ಗಿಸದೆ ಅದೇ ಅಳತೆಗೆ ಒತ್ತಿ ತೆಗೆದದ್ದರಿಂದ ಮೂಗುತಿಯ ಹರಳು ಕೂಡ ಕಳೆದುಹೋಗಿರುವುದಿಲ್ಲ. ದೊಡ್ಡ ಲೆನ್ಸಿನ ಗುಣದಿಂದ ಕಿವಿಯ ಹಿಂದಿನದ್ದೆಲ್ಲ ಕರಗಿರುತ್ತದೆ. ಕೆಲವು ಕ್ಷಣ ಅಲುಗಾಡದೆ ಕುಳಿತ ಮುಖದಲ್ಲಿ ತೋರಿಕೆಯ ನಗು ನಿಲ್ಲುವುದಿಲ್ಲ, ನಾವು ಗಾಂಭೀರ್ಯವೆಂದು ಮೆಚ್ಚುವುದರಲ್ಲಿ ಒಂದು ಪಾಲು ಆ ಕಾಯುವಿಕೆಯದು.

ಒಂದು ಎಚ್ಚರಿಕೆ: ಫೋಟೋವನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಗಾಜಿಗೆ ತಾಗುವಂತೆ ಕಟ್ಟು ಹಾಕಿಸಬೇಡಿ. ನಮ್ಮ ತಾತನ ಫೋಟೋವನ್ನು ಅಂಗಡಿಯೊಂದರಲ್ಲಿ ಹಾಗೆ ಕಟ್ಟಿಸಿದ್ದೆವು. ಎರಡು ಮಳೆಗಾಲ ಕಳೆದು ಬಿಚ್ಚಿದಾಗ ಅವರ ಪೇಟದ ಅಂಚು ಗಾಜಿಗೆ ಅಂಟಿಕೊಂಡು ಬಂತು. ನಡುವೆ ದಪ್ಪ ರಟ್ಟಿನ ಚೌಕಟ್ಟು ಇರಲಿ, ನೇರ ಬಿಸಿಲು ಬೀಳದ ಗೋಡೆ ಇರಲಿ.