ಮೊದಲ ನಾಯಿಗೂ ಮೊದಲು ಮನೆಯ ಗಡಿಯಾರ

ಮರಿಯನ್ನು ಕೊಂಡು ತಂದ ಮೇಲೆ "ಈ ತಳಿ ನಮಗೆ ಹೊಂದುತ್ತದೆಯೇ ಡಾಕ್ಟ್ರೇ?" ಎಂದು ಕೇಳುವವರೇ ನನ್ನ ಚಿಕಿತ್ಸಾಲಯಕ್ಕೆ ಹೆಚ್ಚಾಗಿ ಬರುತ್ತಾರೆ. ತರುವ ಮೊದಲು ಬಂದು ಕೇಳುವವರು ವರ್ಷಕ್ಕೆ ಬೆರಳೆಣಿಕೆಯಷ್ಟು ಮಂದಿ. ಹೋದ ಬೇಸಿಗೆಯಲ್ಲಿ ಹಾಗೆ ಮೊದಲೇ ಬಂದವರು ಒಬ್ಬ ನಿವೃತ್ತ ಶಿಕ್ಷಕಿ ಮತ್ತು ಅವರ ಮಗ. ಮಗನ ಮೊಬೈಲಿನಲ್ಲಿ ನೀಲಿ ಕಣ್ಣಿನ ಹಸ್ಕಿ ಮರಿಯ ಫೋಟೊ ಇತ್ತು. ಮುಂಗಡ ಕೊಡುವುದೊಂದೇ ಬಾಕಿ. ನಾನು ತಳಿಯ ಮಾತು ಎತ್ತದೆ, ಔಷಧಿ ಚೀಟಿಯೊಂದನ್ನು ಮಗುಚಿ ಅವರ ಮುಂದಿಟ್ಟು, ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಮನೆಯಲ್ಲಿ ಯಾರು ಯಾವಾಗ ಇರುತ್ತಾರೆಂದು ಗಂಟೆವಾರು ಬರೆಯಲು ಹೇಳಿದೆ. ಮಗ ಒಂಬತ್ತಕ್ಕೆ ಕಚೇರಿಗೆ ಹೊರಟರೆ ಮರಳುವುದು ರಾತ್ರಿ ಎಂಟಕ್ಕೆ, ಸೊಸೆಯದೂ ಅದೇ ಪಾಡು, ನಡುವಿನ ಹನ್ನೊಂದು ಗಂಟೆ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಮಂಡಿನೋವಿನ ತಾಯಿ ಒಬ್ಬರೇ. ಚೀಟಿ ತುಂಬಿದ ಮೇಲೆ ತಾಯಿಯೇ ನಕ್ಕು, "ಹಾಗಾದ್ರೆ ನಾಯಿ ಬರ್ತಿರೋದು ಇವನಿಗಲ್ಲ, ನನಗೆ" ಎಂದರು.

ತಳಿಯ ಆಯ್ಕೆಯಲ್ಲಿ ನಾನು ಮೊದಲು ನೋಡುವುದು ಈ ಚೀಟಿಯನ್ನೇ. ತಳಿ ಎಂದರೆ ಬಣ್ಣ, ಕೂದಲು, ಕಿವಿಯ ಆಕಾರ ಎಂದು ಕೊಳ್ಳುವವರು ಭಾವಿಸುತ್ತಾರೆ. ಆದರೆ ಹೆಚ್ಚಿನ ತಳಿಗಳು ಹುಟ್ಟಿದ್ದು ಒಂದೊಂದು ಕಸುಬಿಗಾಗಿ. ಹಸ್ಕಿಯ ಪೂರ್ವಜರನ್ನು ಸೈಬೀರಿಯಾದ ಚುಕ್ಚಿ ಜನ ಹಿಮದ ಮೇಲೆ ಜಾರುಬಂಡಿ ಎಳೆಯಲು ಬೆಳೆಸಿದರು. ಬೀಗಲ್ ಇಂಗ್ಲೆಂಡಿನ ಹೊಲಗಳಲ್ಲಿ ಹಿಂಡು ಕಟ್ಟಿಕೊಂಡು ಮೊಲದ ವಾಸನೆಯ ಜಾಡು ಹಿಡಿದು ಓಡುತ್ತ, ತಾನೆಲ್ಲಿದ್ದೇನೆಂಬುದನ್ನು ಹಿಂದೆ ಬರುವ ಬೇಟೆಗಾರನಿಗೆ ಕೂಗಿ ತಿಳಿಸಬೇಕಿದ್ದ ನಾಯಿ. ಜರ್ಮನ್ ಶೆಫರ್ಡ್ ದಿನವಿಡೀ ಕುರಿಮಂದೆಯ ಸುತ್ತ ಗಸ್ತು ತಿರುಗಬೇಕಿತ್ತು. ಡ್ಯಾಶಂಡಿಗೆ ಉದ್ದ ಬೆನ್ನು, ಮೋಟು ಕಾಲು ಬಂದದ್ದು ಬಿಲ ಹೊಕ್ಕು ಪ್ರಾಣಿಯನ್ನು ಹೊರಗೆಳೆಯುವ ಕೆಲಸದಿಂದ. ಕಸುಬು ಹೋದರೂ ಅದರ ಹಂಬಲ ನಾಯಿಯ ಮೈಯಿಂದ ಹೋಗಿಲ್ಲ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದೂರಿಗೆ ಗುರಿಯಾದ ಬೀಗಲ್ ಬಾಲ್ಕನಿಯಲ್ಲಿ ನಿಂತು ಮಾಡುತ್ತಿರುವುದು ತಲೆಮಾರುಗಳಿಂದ ಮೆಚ್ಚುಗೆ ಪಡೆದ ಕೆಲಸವನ್ನೇ. ಡ್ಯೂಪ್ಲೆಕ್ಸ್ ಮನೆಯ ಮೆಟ್ಟಿಲನ್ನು ದಿನಕ್ಕೆ ಇಪ್ಪತ್ತು ಸಲ ಹತ್ತಿಳಿಯುವ ಡ್ಯಾಶಂಡ್, ಬೆನ್ನಿನ ಡಿಸ್ಕ್ ಜಾರಿ ಹಿಂಗಾಲು ಎಳೆದುಕೊಂಡು ನನ್ನ ಮೇಜಿಗೆ ಬಂದರೆ ನನಗೆ ಆಶ್ಚರ್ಯವಾಗುವುದಿಲ್ಲ.

ದಿನಚರಿಯಷ್ಟೇ ಮುಖ್ಯವಾದದ್ದು ನಮ್ಮ ಹವಾಮಾನ. 2003ರ ಸುಮಾರಿಗೆ ಮೊಬೈಲ್ ಕಂಪನಿಯೊಂದರ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆಯೇ ನಡೆದ ಪಗ್, ದೇಶದ ಮಧ್ಯಮ ವರ್ಗದ ಮನೆಗಳಿಗೂ ನಡೆದು ಬಂತು. ಪುಟ್ಟ ಗಾತ್ರ, ಮಕ್ಕಳೊಂದಿಗೆ ಸಲಿಗೆ, ಕಡಿಮೆ ಓಡಾಟ ಇವೆಲ್ಲ ಅದರಲ್ಲಿ ಇರುವುದು ನಿಜ. ಆದರೆ ನಾಯಿಗೆ ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟು, ಮೂಗು ಮತ್ತು ಬಾಯಿಯ ತೇವ ಆರುವುದರಿಂದಲೇ ಅದು ಬಹುಮಟ್ಟಿಗೆ ತಂಪಾಗಬೇಕು. ಮೂತಿಯನ್ನೇ ಒತ್ತಿ ಚಪ್ಪಟೆ ಮಾಡಿದ ತಳಿಗಳಲ್ಲಿ ಈ ದಾರಿಯೇ ಇಕ್ಕಟ್ಟು. ಏಪ್ರಿಲಿನ ಒಂದು ಮಧ್ಯಾಹ್ನ ಎರಡೂವರೆಗೆ ಆಟೊದಲ್ಲಿ ತಂದ ನಾಲ್ಕು ವರ್ಷದ ಪಗ್ ಒಂದರ ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿತ್ತು, ಉಸಿರು ಗರಗಸ ಎಳೆದಂತೆ ಕೇಳುತ್ತಿತ್ತು, ಥರ್ಮಾಮೀಟರ್ 107 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು. ಆರೋಗ್ಯವಂತ ನಾಯಿಯ ಮೈಬಿಸಿ 101ರಿಂದ 102.5ರ ನಡುವೆ ಇರುತ್ತದೆ. ಹೊಟ್ಟೆ, ತೊಡೆಸಂದಿಗೆ ನಲ್ಲಿ ನೀರು ಸುರಿದು, ಫ್ಯಾನ್ ಹಚ್ಚಿ, ಆಮ್ಲಜನಕ ಕೊಟ್ಟು, ಡ್ರಿಪ್ ಹಾಕಿ, ಐದೈದು ನಿಮಿಷಕ್ಕೆ ಬಿಸಿ ನೋಡುತ್ತ ಅದು 103ಕ್ಕೆ ಇಳಿಯುವವರೆಗೆ ಯಾರೂ ಮಾತಾಡಲಿಲ್ಲ. ಆ ಪಗ್ ಉಳಿಯಿತು. ಅದು ಮಾಡಿದ ತಪ್ಪೇನೆಂದರೆ, ಮಾಲೀಕರ ಜೊತೆ ಹತ್ತು ನಿಮಿಷ ಅಂಗಡಿಬೀದಿಯಲ್ಲಿ ನಡೆದದ್ದು.

ಇಷ್ಟಾದರೂ ಪಗ್ ಅಥವಾ ಅದರಂತೆಯೇ ಚಪ್ಪಟೆ ಮೂತಿಯ ಶಿಟ್ಸು ಬೇಕೇ ಬೇಕು ಎನ್ನುವವರಿಗೆ ನಾನು ಹೇಳಿಕೊಡುವ ಪರೀಕ್ಷೆ ಸರಳವಾದದ್ದು. ಮರಿಯನ್ನು ಬೆಳಕಿಗೆ ಹಿಡಿದು ಮೂಗಿನ ಹೊಳ್ಳೆಗಳನ್ನು ನೋಡಬೇಕು. ಹೊಳ್ಳೆ ದುಂಡಗೆ ತೆರೆದುಕೊಂಡಿದ್ದರೆ ಒಳ್ಳೆಯದು. ಬ್ಲೇಡಿನಿಂದ ಗೀರಿದ ಗೆರೆಯಂತಿದ್ದರೆ ಆ ಮರಿ ಮುಂದೆ ಪ್ರತಿ ಬೇಸಿಗೆಯಲ್ಲೂ ಕಷ್ಟಪಡುತ್ತದೆ. ಮಲಗಿದಾಗ ಗೊರಕೆ ಹೊಡೆಯುವುದನ್ನು ಮುದ್ದೆಂದು ವಿಡಿಯೊ ಮಾಡುತ್ತಾರೆ; ನನಗೆ ಅದು ರೋಗಲಕ್ಷಣವಾಗಿ ಕಾಣುತ್ತದೆ. ಹಸ್ಕಿಯ ತೊಂದರೆ ಬೇರೆ. ಅದಕ್ಕೆ ಎರಡು ಪದರದ ದಟ್ಟ ತುಪ್ಪಳವಿದ್ದು, ಕಲಬುರಗಿ, ರಾಯಚೂರಿನ ಬೇಸಿಗೆಯಿರಲಿ, ಬೆಂಗಳೂರಿನ ಮಾರ್ಚ್ ಕೂಡ ಅದಕ್ಕೆ ಹಿತವಲ್ಲ. ಎ.ಸಿ. ಹಾಕುತ್ತೇವೆ ಎನ್ನುತ್ತಾರೆ. ಹಾಕಬಹುದು, ಆದರೆ ಮೈಲುಗಟ್ಟಲೆ ಓಡಲು ಹುಟ್ಟಿದ ನಾಯಿಯನ್ನು ಎ.ಸಿ. ಕೋಣೆಯಲ್ಲಿ ಹನ್ನೊಂದು ಗಂಟೆ ಕೂಡಿಹಾಕಿದರೆ ಸೋಫಾ ಉಳಿಯುವುದಿಲ್ಲ.

ಎಲ್ಲರೂ ಶಿಫಾರಸು ಮಾಡುವ ಲ್ಯಾಬ್ರಡಾರ್ ಬಗ್ಗೆ ನನ್ನದೂ ಬಹುಪಾಲು ಒಪ್ಪಿಗೆಯೇ. ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ನಾಯಿಗಳಿಂದ ಬಂದು, ಬ್ರಿಟನ್ನಿನಲ್ಲಿ ಹೊಡೆದುರುಳಿಸಿದ ಹಕ್ಕಿಯನ್ನು ಬಾಯಲ್ಲಿ ಮೆದುವಾಗಿ ಕಚ್ಚಿ ತರಲು ಪಳಗಿದ ತಳಿ ಇದು. ಮನುಷ್ಯನ ಜೊತೆ ಸೇರಿ ಕೆಲಸ ಮಾಡುವುದೇ ಅದರ ಸ್ವಭಾವವಾದ್ದರಿಂದ ಮೊದಲ ಸಲ ಸಾಕುವವರ ತಪ್ಪುಗಳನ್ನು ಅದು ಸಹಿಸಿಕೊಳ್ಳುತ್ತದೆ. ಆದರೆ ಎರಡು ಎಚ್ಚರಿಕೆಗಳಿವೆ. ಬೆಳೆದ ಲ್ಯಾಬ್ರಡಾರ್ 25ರಿಂದ 36 ಕಿಲೋ ತೂಗುತ್ತದೆ, ಬುದ್ಧಿ ಬಲಿಯಲು ಎರಡು ವರ್ಷ ಬೇಕು. ಅಂದರೆ ನಡುವಿನ ಒಂದು ವರ್ಷ ನೀವು ಅಕ್ಕಿ ಮೂಟೆಯ ತೂಕದ ತುಂಟ ಮಗುವನ್ನು ಬೆಲ್ಟಿನಲ್ಲಿ ಹಿಡಿದಿರುತ್ತೀರಿ. ಅದು ಬೆಕ್ಕು ಕಂಡು ಜಗ್ಗಿದಾಗ ಬಿದ್ದು ಮಣಿಕಟ್ಟು ಮುರಿದುಕೊಂಡ ಹಿರಿಯರನ್ನು ನಾನು ಬಲ್ಲೆ. ಎರಡನೆಯದು ಹಸಿವು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಸಿವೆಗೆ ಸಂಬಂಧಿಸಿದ ಒಂದು ಜೀನಿನ ತುಣುಕು ಸುಮಾರು ನಾಲ್ಕರಲ್ಲೊಂದು ಲ್ಯಾಬ್ರಡಾರಿನಲ್ಲಿ ಕಾಣೆಯಾಗಿರುವುದು ಕಂಡುಬಂತು. ಇಂಥ ನಾಯಿ ತಟ್ಟೆ ಖಾಲಿಯಾದ ಮೇಲೂ ಕಣ್ಣಲ್ಲೇ ಬೇಡುತ್ತದೆ, ಮನೆಯ ಅಜ್ಜಿ ಕರಗಿ ಒಂದು ಚಪಾತಿ ಹಾಕುತ್ತಾರೆ. ಪಕ್ಕೆಯ ಮೇಲೆ ಬೆರಳಾಡಿಸಿದರೆ ಎಲುಬುಗಳು ಕೈಗೆ ಸಿಗಬೇಕು. ಸಿಗದಿದ್ದರೆ ಸೊಂಟದ ಕೀಲು ದುರ್ಬಲವಾಗಿರುವ ಈ ತಳಿಗೆ ಆ ಭಾರವೇ ಶತ್ರು.

ನಮ್ಮಲ್ಲಿ 'ಪಾಮೇರಿಯನ್' ಎಂದು ಕರೆಯುವ ಬಿಳಿ ಕೂದಲಿನ ನಾಯಿಯ ಬಗ್ಗೆ ಒಂದು ಮಾತು. ಅದು ಬಹುತೇಕ ಪೊಮೆರೇನಿಯನ್ ಅಲ್ಲ, ಇಂಡಿಯನ್ ಸ್ಪಿಟ್ಜ್. ನಮ್ಮ ಬಿಸಿಲಿಗೆ ಹೊಂದಿಕೊಂಡು, ಅನ್ನ-ಹಾಲು ತಿಂದು, ಅಜ್ಜ-ಅಜ್ಜಿಯರ ಮನೆಗಳಲ್ಲಿ ಹನ್ನೆರಡು ಹದಿಮೂರು ವರ್ಷ ಬಾಳಿದ ಈ ನಾಯಿ ಈಗ ಯಾರಿಗೂ ಬೇಡವಾಗಿದೆ. ಕೂದಲು ಉದುರುತ್ತದೆ, ಕರೆಗಂಟೆ ಬಾರಿಸಿದರೆ ಬೊಗಳುತ್ತದೆ, ಅಷ್ಟೇ. ಮೊದಲ ನಾಯಿಯಾಗಿ ಇದಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲವೆಂಬುದು ನನ್ನ ಅಭಿಪ್ರಾಯ.

ಮುಧೋಳ ನಾಯಿಯ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಪಕ್ಷಪಾತವಿದೆ, ಏಕೆಂದರೆ ನೌಕರಿಯ ಮೊದಲ ವರ್ಷಗಳನ್ನು ನಾನು ಜಮಖಂಡಿ ಕಡೆ ಕಳೆದಿದ್ದೇನೆ. ಬೆಳಗಿನ ಜಾವ ಕಬ್ಬು ಕಟಾವಾದ ಹೊಲದಲ್ಲಿ ಒಂದು ಮೊಲ ಎದ್ದು ಓಡಿದಾಗ, ಅದುವರೆಗೆ ಬದುವಿನ ಮೇಲೆ ಆಲಸಿಯಂತೆ ಬಿದ್ದುಕೊಂಡಿದ್ದ ತೆಳ್ಳನೆಯ ನಾಯಿಯ ಬೆನ್ನು ಬಿಲ್ಲಿನಂತೆ ಬಾಗಿ, ನಾಲ್ಕೂ ಕಾಲು ಹೊಟ್ಟೆಯ ಕೆಳಗೆ ಕೂಡಿ ಮತ್ತೆ ಚಾಚಿಕೊಂಡದ್ದನ್ನು ನೋಡಿದವರಿಗೆ ಬೇರೆ ನಾಯಿಯ ಓಟ ಸಪ್ಪೆಯಾಗುತ್ತದೆ. 2005ರಲ್ಲಿ ಈ ತಳಿಗೆ ಅಂಚೆಚೀಟಿಯ ಗೌರವ ಸಿಕ್ಕಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2020ರ ಆಗಸ್ಟಿನಲ್ಲಿ ಪ್ರಧಾನಿಯವರು ರೇಡಿಯೊ ಭಾಷಣದಲ್ಲಿ ಇದರ ಹೆಸರು ಹೇಳಿದ ಮೇಲೆ ಬೆಂಗಳೂರಿನಲ್ಲೂ ಇದನ್ನು ಕೇಳುವವರು ಹೆಚ್ಚಾದರು. ಕೇಳುವವರಲ್ಲಿ ಅರ್ಧ ಜನರಿಗೆ ನಾನು ಬೇಡವೆನ್ನುತ್ತೇನೆ. ಇದು ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನಾದರೂ ಓಡಿತೋ, ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಅಪರಿಚಿತರು ಮೈ ಮುಟ್ಟುವುದು ಅದಕ್ಕೆ ಇಷ್ಟವಾಗದು, ಲ್ಯಾಬ್ರಡಾರಿನಂತೆ ಬಂದವರ ಮಡಿಲಿಗೆ ಏರದು. ಹಾಗೆಂದು ಮನೆಯಲ್ಲಿ ಗಲಾಟೆಯನ್ನೂ ಮಾಡದು. ಎತ್ತರದ ಬೇಲಿಯಿರುವ ತೋಟದ ಮನೆಯಿದ್ದು, ದಿನಕ್ಕೊಮ್ಮೆ ಬಿಟ್ಟು ಓಡಿಸಬಲ್ಲವರಿಗೆ ಇದರಷ್ಟು ರೋಗ ಕಡಿಮೆಯ, ಕೂದಲಿನ ಗೋಜಿಲ್ಲದ ತಳಿ ಇನ್ನೊಂದು ಸಿಗುವುದು ಕಷ್ಟ. ಹತ್ತನೇ ಮಹಡಿಯ ಬಾಲ್ಕನಿಯಲ್ಲಿ ಚೈನಿಗೆ ಕಟ್ಟಿದ ಮುಧೋಳವನ್ನು ಮಾತ್ರ ನನ್ನಿಂದ ನೋಡಲಾಗುವುದಿಲ್ಲ.

ತಳಿಯೇ ಇಲ್ಲದ ನಮ್ಮ ನಾಡು ನಾಯಿಯನ್ನು ಈ ಲೆಕ್ಕದಿಂದ ಹೊರಗಿಡುವುದು ತಪ್ಪು. ಅದರ ಕಿವಿಯೊಳಗೆ ಗಾಳಿಯಾಡುತ್ತದೆ, ಮೂಗು ಉದ್ದವಿದೆ, ಚರ್ಮಕ್ಕೆ ಈ ಬಿಸಿಲು ಗೊತ್ತಿದೆ, ಒಂದೇ ವಂಶದೊಳಗೆ ಕೂಡಿಸಿ ಬೆಳೆಸಿದ್ದರಿಂದ ಬರುವ ಕಾಯಿಲೆಗಳು ಅಪರೂಪ. ಉಣ್ಣಿ ಹುಳುವಿನಿಂದ ಹರಡುವ ಜ್ವರ ಮತ್ತು ಪಾರ್ವೊ ಎಂಬ ವೈರಸ್ ರೋಗ ಇದನ್ನೂ ಬಿಡುವುದಿಲ್ಲವಾದ್ದರಿಂದ ಔಷಧಿ, ಲಸಿಕೆಗಳಲ್ಲಿ ರಿಯಾಯಿತಿ ಕೊಡುವಂತಿಲ್ಲ. ಅನುಭವವಿಲ್ಲದವರಿಗೆ ನಾನು ಒಂದೆರಡು ವರ್ಷ ವಯಸ್ಸಿನ, ಸ್ವಭಾವ ಈಗಾಗಲೇ ಗೊತ್ತಾಗಿರುವ ನಾಯಿಯನ್ನು ದತ್ತು ಪಡೆಯಲು ಹೇಳುತ್ತೇನೆ. ಮರಿ ಮುಂದೆ ಹೇಗಾಗುವುದೋ ಎಂಬ ಊಹೆಯ ಆಟ ಅಲ್ಲಿರುವುದಿಲ್ಲ, ರಾತ್ರಿ ಎರಡಕ್ಕೆದ್ದು ಮೂತ್ರ ಒರೆಸುವ ಕೆಲಸವೂ ಇರುವುದಿಲ್ಲ.

ಸಸ್ಯಾಹಾರಿ ಮನೆಯವರು ಸಂಕೋಚದಿಂದ ಕೇಳುವ ಪ್ರಶ್ನೆಯೊಂದಿದೆ: ಮೊಸರನ್ನದಲ್ಲೇ ನಾಯಿ ಸಾಕಬಹುದೇ? ನಾಯಿ ಅನ್ನವನ್ನು ಅರಗಿಸಿಕೊಳ್ಳುತ್ತದೆ, ಆದರೆ ಬರೀ ಹಾಲು ಅನ್ನದಲ್ಲಿ ಬೆಳೆದ ದೊಡ್ಡ ತಳಿಯ ಮರಿಗಳ ಮುಂಗಾಲು ಬಾಗಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಮೊಟ್ಟೆಯಾಗಲಿ, ಪ್ಯಾಕೆಟ್ಟಿನ ಸಮತೋಲ ಆಹಾರವಾಗಲಿ ಮನೆಯೊಳಗೆ ಬರಬಾರದೆಂದಿದ್ದರೆ ಜರ್ಮನ್ ಶೆಫರ್ಡಿನಂಥ ವೇಗವಾಗಿ ಬೆಳೆಯುವ ದೊಡ್ಡ ತಳಿಯನ್ನು ತರದಿರುವುದೇ ಲೇಸು. ಈರುಳ್ಳಿ ಬಿದ್ದ ಹುಳಿ, ದ್ರಾಕ್ಷಿ ಹಾಕಿದ ಪಾಯಸ, ಚಾಕೊಲೇಟ್ ಯಾವ ನಾಯಿಗೂ ಕೂಡದು.

ತಳಿ ನಿಶ್ಚಯವಾದ ಮೇಲೆ ಉಳಿಯುವುದು ಮರಿಯ ಆಯ್ಕೆ. ಹೆಚ್ಚಿನವರು ಎಡವುವುದು ಇಲ್ಲಿಯೇ. 2017ರ ಕೇಂದ್ರದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಆದರೂ 30, 35 ದಿನದ ಮರಿಗಳು ಟವೆಲ್ಲಿನಲ್ಲಿ ಸುತ್ತಿಕೊಂಡು ನನ್ನ ಮೇಜಿಗೆ ಬರುತ್ತವೆ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆಂದು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆ ಆಡುವಾಗ; ಆ ಪಾಠ ತಪ್ಪಿದ ಮರಿ ಅದನ್ನು ನಿಮ್ಮ ಮಗುವಿನ ಕೈಯ ಮೇಲೆ ಕಲಿಯುತ್ತದೆ. ಮಾರುವವರು ತಾಯಿಯನ್ನು ತೋರಿಸದಿದ್ದರೆ ಅಲ್ಲಿಂದ ಎದ್ದು ಬನ್ನಿ. ವಂಶಾವಳಿಯ ಪತ್ರ ಅಪ್ಪ ಅಮ್ಮ ಯಾರೆಂದು ಹೇಳುತ್ತದೆಯೇ ಹೊರತು ಅವರ ಸೊಂಟ ಗಟ್ಟಿಯಿದೆಯೆಂದು ಹೇಳುವುದಿಲ್ಲ. ದೊಡ್ಡ ತಳಿಯಾದರೆ ಸೊಂಟದ ಎಕ್ಸ್‌ರೇ ಕೇಳಿ. ಲಸಿಕೆ ಪುಸ್ತಕದಲ್ಲಿ ಸೀಸೆಯ ಸ್ಟಿಕ್ಕರ್, ದಿನಾಂಕ, ವೈದ್ಯರ ಸಹಿ ಮೂರೂ ಇರಬೇಕು. ಬರೀ ಪೆನ್ನಿನಲ್ಲಿ ಬರೆದ 'ಹಾಕಿದೆ' ಎಂಬ ಮಾತನ್ನು ನಂಬಿ ಭಾನುವಾರ ತಂದ ಮರಿ ಗುರುವಾರ ವಾಂತಿ, ರಕ್ತಭೇದಿಯಿಂದ ಮಲಗಿದರೆ ಅದು ಬಹುಮಟ್ಟಿಗೆ ಪಾರ್ವೊ. ಆರರಿಂದ ಎಂಟು ವಾರದಲ್ಲಿ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದವರೆಗೆ, ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ. ಇವು ಮುಗಿಯುವವರೆಗೆ ಮರಿಯನ್ನು ಬೀದಿಯ ಮಣ್ಣಿಗೆ ಇಳಿಸದಿದ್ದರೂ, ತೋಳಿನಲ್ಲೆತ್ತಿಕೊಂಡು ಬಸ್ಸು, ಕುಕ್ಕರ್ ಕೂಗು, ಹೆಲ್ಮೆಟ್ ಹಾಕಿದ ಮುಖ ಎಲ್ಲವನ್ನೂ ತೋರಿಸಬೇಕು, ಏಕೆಂದರೆ ಹೊಸದಕ್ಕೆ ಹೆದರದಿರುವುದನ್ನು ಅದು ಕಲಿಯುವ ಕಾಲವೂ ಸುಮಾರು ಹದಿನಾಲ್ಕು ವಾರಕ್ಕೆ ಮುಗಿಯುತ್ತ ಬರುತ್ತದೆ.

ರಾಟ್‌ವೀಲರ್, ಪಿಟ್‌ಬುಲ್ ಕೇಳುವವರಿಗೆ ಕಾನೂನಿನ ಗೊಂದಲವೂ ಇದೆ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಇವೂ ಸೇರಿ ಅಪಾಯಕಾರಿ ಎನ್ನಲಾದ 23 ತಳಿಗಳನ್ನು ನಿಷೇಧಿಸುವಂತೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು, ಮರುತಿಂಗಳು ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ನನ್ನ ಉತ್ತರಕ್ಕೆ ಸುತ್ತೋಲೆ ಬೇಕಿಲ್ಲ: ಮೊದಲ ನಾಯಿಯಾಗಿ ಇವು ಬೇಡ.

ನಿವೃತ್ತ ಶಿಕ್ಷಕಿಯ ಮನೆಗೆ ಕೊನೆಗೆ ಬಂದದ್ದು, ವಿದೇಶಕ್ಕೆ ಹೊರಟಿದ್ದ ಕುಟುಂಬವೊಂದು ಬಿಟ್ಟುಹೋದ ಮೂರು ವರ್ಷದ ಸ್ಪಿಟ್ಜ್. ಮಂಡಿನೋವಿನ ನಡಿಗೆಗೂ ಅದರ ಗಿಡ್ಡ ಹೆಜ್ಜೆಗೂ ತಾಳೆಯಾಗಿದೆ. ಲಿಫ್ಟಿನಲ್ಲಿ ಇಳಿದು ಇಬ್ಬರೂ ದಿನಕ್ಕೆರಡು ಸಲ ಕಟ್ಟಡವನ್ನು ಒಂದು ಸುತ್ತು ಹಾಕುತ್ತಾರೆ. ಕಳೆದ ತಿಂಗಳು ರೇಬೀಸ್ ಲಸಿಕೆಗೆ ಬಂದಾಗ ತಕ್ಕಡಿಯ ಮೇಲೆ ನಿಲ್ಲಿಸಿದರೆ ತೂಕ ಒಂದೂವರೆ ಕಿಲೋ ಏರಿತ್ತು. ಬಿಸ್ಕತ್ತು ಯಾರು ಹಾಕುತ್ತೀರಿ ಎಂದು ಕೇಳಿದೆ. ತಾಯಿ ಮಗನನ್ನು ನೋಡಿದರು, ಮಗ ತಾಯಿಯನ್ನು ನೋಡಿದ, ನಾಯಿ ನನ್ನ ಮೇಜಿನ ಡಬ್ಬವನ್ನು ನೋಡುತ್ತಿತ್ತು.